ನೆತ್ತಿ, ಪಕ್ಕೆ, ಅಮ್ಮ: ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಮಕ್ಕಳ ರೋಗೋಪಚಾರ

ಸುರಪುರದ ಇತಿಹಾಸವನ್ನು ಬರೆಯಹೊರಟವರಿಗೆ ಆಕರಗಳ ಕೊರತೆಯಿಲ್ಲ. ಬೇಡ ನಾಯಕರ ವಂಶದ ವೃತ್ತಾಂತಗಳುಂಟು. 1840ರ ದಶಕದಲ್ಲಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಆತ್ಮಕಥೆಯುಂಟು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಎದ್ದ ಬಂಡಾಯಕ್ಕೆ ಸಂಬಂಧಿಸಿದ ಕಾಗದಪತ್ರಗಳುಂಟು. ಯಾದಗಿರಿ, ಶಹಾಪುರಗಳ ಕೋಟೆಗಳೂ ತಮ್ಮ ಮಟ್ಟಿಗೆ ಸಾಕ್ಷಿ ನುಡಿಯುತ್ತವೆ. ಆದರೆ ಆ ಕೋಟೆಗಳ ಕೆಳಗಿನ ಪೇಟೆಯಲ್ಲಿ ಒಂದು ಕೂಸಿಗೆ ಜ್ವರ ಬಂದಾಗ ಅದರ ಬಳಿ ಯಾರು ಕುಳಿತರು, ಏನನ್ನು ಕುಡಿಸಿದರು, ಏನನ್ನು ಕುಡಿಸದೆ ಬಿಟ್ಟರು ಎಂಬುದನ್ನು ಯಾವ ದಫ್ತರವೂ ಹೇಳುವುದಿಲ್ಲ.

ಹೇಳುವ ಆಕರವೊಂದಿದ್ದರೆ ಅದು ಮಣ್ಣಿನೊಳಗಿನದು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪ್ರಾಧ್ಯಾಪಕ ಕೆ. ಪದ್ದಯ್ಯನವರು 1990ರ ದಶಕದಲ್ಲಿ ನವಶಿಲಾಯುಗದ ಬೂದಿದಿಬ್ಬವನ್ನು ಉತ್ಖನನ ಮಾಡಿದಾಗ, ನಾಲ್ಕು ಸಹಸ್ರ ವರ್ಷಗಳಷ್ಟು ಹಿಂದಿನ ಆ ದನಗಾಹಿಗಳ ನೆಲೆಯಲ್ಲಿ ಎಳೆಮಕ್ಕಳ ಸಮಾಧಿಗಳು ದೊರೆತವು. ಆ ಮಕ್ಕಳು ಯಾವ ರೋಗದಿಂದ ಸತ್ತರೆಂದು ಮೂಳೆಗಳು ಹೇಳಲಾರವು. ಆದರೆ ವಾಸದ ನೆಲೆಯಿಂದ ದೂರ ಸಾಗಿಸದೆ ಅಲ್ಲಿಯೇ ಮಣ್ಣು ಮಾಡಿದವರ ಮನಸ್ಸು ನಮಗೆ ಅಪರಿಚಿತವಲ್ಲ.

ಇತಿಹಾಸದ ಅಧ್ಯಾಪಕರಾದ ನಾವು ವೈದ್ಯರ ಕ್ಷೇತ್ರದಲ್ಲಿ ಕಾಲಿಡುವುದಕ್ಕೆ ಸಮರ್ಥನೆ ಬೇಕಷ್ಟೆ. ನಮ್ಮ ವಿಚಾರಣೆಯ ವಿಷಯ ಔಷಧವಲ್ಲ, ಉಪಚಾರ. ಎಂದರೆ ರೋಗಿಯ ಬಳಿ ಕುಳಿತವರು ಮಾಡುವ ಕೆಲಸ. ಅದಕ್ಕೆ ಇತಿಹಾಸವಿದೆ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ದ್ರವ್ಯ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಂತು ನೋಡಿಕೊಳ್ಳುವವನು. ಅವನಿಗೆ ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ಆಯುರ್ವೇದದ ಎಂಟು ಅಂಗಗಳಲ್ಲಿ ಶಿಶುವೈದ್ಯಕ್ಕೆ ‘ಕೌಮಾರಭೃತ್ಯ’ವೆಂದೇ ಹೆಸರು, ಮಕ್ಕಳನ್ನು ಪೋಷಿಸುವುದು ಎಂಬುದು ಅದರ ಅರ್ಥವೇ ಹೊರತು ಮದ್ದು ಕೊಡುವುದೆಂದಲ್ಲ. ಕನ್ನಡದಲ್ಲಿಯೂ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಎಂಬ ಹಳೆಯ ಗ್ರಂಥವಿದ್ದುದನ್ನು ಸಾಹಿತ್ಯಚರಿತ್ರೆಯು ದಾಖಲಿಸಿದೆ.

ಈ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಉಪಸ್ಥಾತೃವಿನ ಸ್ಥಾನದಲ್ಲಿದ್ದವಳು ಅಜ್ಜಿ. ಅವಳ ಮಾತುಗಳಲ್ಲಿ ಮೂರನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ: ‘ನೆತ್ತಿ ಬಿದ್ದದ’, ‘ಪಕ್ಕಿ ಸೆಳೀತದ’, ‘ಅಮ್ಮ ಬಂದಾಳ’. ವಿದ್ಯಾವಂತರು ಇವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಅದು ಅರ್ಧ ಸತ್ಯ. ಈ ಮಾತುಗಳಲ್ಲಿ ನೋಟ ಸರಿಯಾಗಿದೆ. ತಪ್ಪಿರುವುದು ನೋಟದ ಮುಂದಿನ ಹೆಜ್ಜೆಯಲ್ಲಿ.

ಮೊದಲನೆಯದು ನೆತ್ತಿ. ಹಸುಗೂಸಿನ ತಲೆಯ ಮುಂಭಾಗದಲ್ಲಿ ಎಲುಬುಗಳು ಇನ್ನೂ ಕೂಡದ ಮೆತ್ತನೆಯ ಜಾಗವಿರುತ್ತದೆ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ. ಕೂಸಿಗೆ ಜುಲಾಬು ಹತ್ತಿದಾಗ ಈ ಜಾಗವು ಒಳಗೆ ಕುಸಿಯುವುದನ್ನು ಅಜ್ಜಿ ಬೆರಳಿನಿಂದ ಮುಟ್ಟಿ ತಿಳಿಯುತ್ತಾಳೆ. ಇದು ದೇಹದಲ್ಲಿ ನೀರು ಬತ್ತಿದುದರ ಲಕ್ಷಣವೆಂದು ವೈದ್ಯಗ್ರಂಥಗಳೂ ಹೇಳುತ್ತವೆ. ಆದರೆ ಅಜ್ಜಿಯ ತರ್ಕದಲ್ಲಿ ಕಾರ್ಯಕಾರಣಗಳು ತಿರುಗುಮುರುಗಾದವು: ನೆತ್ತಿ ಬಿದ್ದುದರಿಂದ ಜುಲಾಬು ಬಂದಿತೆಂದು ಅವಳು ಎಣಿಸಿದಳು. ಆದುದರಿಂದ ನೆತ್ತಿಯ ಮೇಲೆ ಔಡಲೆಣ್ಣೆ ಇಟ್ಟಳು. ಕುಡಿದುದೆಲ್ಲ ಹೊರಗೆ ಹೋಗುವುದನ್ನು ಕಂಡು ನೀರನ್ನೂ, ಕೆಲವೊಮ್ಮೆ ಮೊಲೆಹಾಲನ್ನೂ ನಿಲ್ಲಿಸಿದಳು. ಕೂಸು ಸಾಯುತ್ತಿದ್ದುದು ಬಹುಮಟ್ಟಿಗೆ ಇದರಿಂದಲೇ. ಈ ತಪ್ಪಿನಲ್ಲಿ ಅವಳೊಬ್ಬಳೇ ಇರಲಿಲ್ಲವೆಂಬುದನ್ನೂ ಹೇಳಬೇಕು. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಯುರೋಪು, ಅಮೆರಿಕಗಳ ಅನೇಕ ವೈದ್ಯರು ಭೇದಿಯಾದ ಶಿಶುವಿನ ‘ಕರುಳಿಗೆ ವಿಶ್ರಾಂತಿ’ ಬೇಕೆಂದು ಅದನ್ನು ಉಪವಾಸ ಕೆಡವುತ್ತಿದ್ದರು.

ತಿರುವು ಬಂದುದು ವಂಗದೇಶದ ಗಡಿಯಲ್ಲಿ. ಸಕ್ಕರೆಯ ಅಂಶವು ಕರುಳಿನ ಗೋಡೆಯ ಮೂಲಕ ಉಪ್ಪನ್ನು ಜೊತೆಗೆ ಒಯ್ಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ, ಭೇದಿಯ ನಡುವೆಯೂ ಈ ವ್ಯಾಪಾರ ನಿಲ್ಲುವುದಿಲ್ಲ ಎಂಬ ಸಂಗತಿ 1960ರ ದಶಕದಲ್ಲಿಯೇ ಸಿದ್ಧವಾಗಿತ್ತು. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನ್ ತೀರಿಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಮಹಾಲನಬಿಸ್ ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು. ಇತಿಹಾಸದ ದೃಷ್ಟಿಯಿಂದ ನಮಗೆ ಮುಖ್ಯವೆನಿಸುವುದು ಬಂಧುಗಳ ಕೈ ಎಂಬುದು. ಆ ಶಿಬಿರದಲ್ಲಿ ಚರಕನ ಮೂರನೆಯ ಪಾದವೇ ಮೊದಲನೆಯ ಪಾದದ ಕೆಲಸವನ್ನು ಮಾಡಿತು.

ಇಂದು ಅಂಗನವಾಡಿ, ಆರೋಗ್ಯಕೇಂದ್ರಗಳಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣ ಇದೇ. ಪೊಟ್ಟಣದ ಮೇಲೆ ಬರೆದಷ್ಟೇ ನೀರು, ಸಾಮಾನ್ಯವಾಗಿ ಒಂದು ಲೀಟರು, ಸೇರಿಸಬೇಕು. ಕಡಿಮೆ ನೀರು ಹಾಕಿದರೆ ಉಪ್ಪು ಹೆಚ್ಚಾಗಿ ಅಪಾಯ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರು, ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರು, ಚಮಚೆಯಿಂದ ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮೊದಲಿಗಿಂತ ನಿಧಾನವಾಗಿ ಮತ್ತೆ ಆರಂಭಿಸಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಸಣ್ಣ ಚಮಚೆಯಿಂದ ಆರು ಸಮಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಮೊಲೆಹಾಲನ್ನು ನಿಲ್ಲಿಸಕೂಡದು, ಆರು ತಿಂಗಳು ದಾಟಿದ ಮಕ್ಕಳಿಗೆ ಗಂಜಿ, ಮಜ್ಜಿಗೆ, ಮೆತ್ತನೆಯ ಅನ್ನವನ್ನೂ ನಿಲ್ಲಿಸಕೂಡದು. ಇವುಗಳ ಜೊತೆಗೆ ಸತುವಿನ ಮಾತ್ರೆಯನ್ನು, ಆರು ತಿಂಗಳೊಳಗಿನವರಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲಿನವರಿಗೆ 20 ಮಿಲಿಗ್ರಾಂನಂತೆ, ಭೇದಿ ನಿಂತರೂ ಬಿಡದೆ 10ರಿಂದ 14 ದಿನ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ ಹೇಳಿತು. ನೆತ್ತಿ ಮುಚ್ಚಿದ ಮಗುವಿನಲ್ಲಿ ಗುಳಿಬಿದ್ದ ಕಣ್ಣು ಮತ್ತು ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಹಿಂದಿರುಗುವುದು ಅದೇ ಸಂಗತಿಯನ್ನು ಹೇಳುತ್ತವೆ. ಮಗು ಕುಡಿಯಲಾರದಾದರೆ, ಇಲ್ಲವೆ ಎಬ್ಬಿಸಿದರೂ ಏಳದಾದರೆ, ಮನೆಯ ಉಪಚಾರ ಮುಗಿಯಿತು. ದಾರಿಯಲ್ಲಿಯೂ ಗುಟುಕರಿಸಬಲ್ಲ ಮಗುವಿಗೆ ಗುಟುಕು ಹಾಕುತ್ತ ಆಸ್ಪತ್ರೆಗೆ ಒಯ್ಯತಕ್ಕದ್ದು.

ನೀರಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಸೇರಿಸುತ್ತೇವೆ. ಮೆಟ್ಟಿಲಬಾವಿಯ ನೀರು ಕುಡಿದು ನಾರುಹುಣ್ಣಿನಿಂದ ನರಳಿದವರು ಹಿಂದೆ ಕಲಬುರಗಿ ಸೀಮೆಯಲ್ಲಿ ಬಹಳ. ಬಾವಿಗಿಳಿಯುವುದನ್ನು ತಪ್ಪಿಸಿ, ನೀರನ್ನು ಬಟ್ಟೆಯಲ್ಲಿ ಸೋಸಿ, ಔಷಧವಾಗಲಿ ಲಸಿಕೆಯಾಗಲಿ ಇಲ್ಲದೆಯೇ ಆ ರೋಗವನ್ನು ದೇಶದಿಂದ ಓಡಿಸಲಾಯಿತು; ಭಾರತದ ಕೊನೆಯ ಪ್ರಕರಣ 1996ರದು. ಆದರೆ ಅದೇ ಸೀಮೆಯಲ್ಲಿ, ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ, 2022–23ರಷ್ಟು ಈಚೆಗೂ ಕಲುಷಿತ ನೀರಿನಿಂದ ವಾಂತಿಭೇದಿ ಹಬ್ಬಿ ಸಾವುಗಳಾದವು. ಕೂಸಿಗೆ ಎಷ್ಟು ಚಮಚೆ ಕುಡಿಸಿದರೂ ಕೊಡದ ನೀರು ಕೆಟ್ಟಿದ್ದರೆ ತಾಯಿಯ ತಪ್ಪೇನು?

ಎರಡನೆಯದು ಪಕ್ಕೆ. ನ್ಯುಮೋನಿಯಾ ಆದ ಕೂಸು ಉಸಿರೆಳೆದುಕೊಂಡಾಗ ಎದೆಯ ಕೆಳಭಾಗವು ಉಬ್ಬುವ ಬದಲು ಒಳಗೆ ಸೆಳೆದುಕೊಳ್ಳುತ್ತದೆ. ಸ್ಟೆತಾಸ್ಕೋಪ್ ಇಲ್ಲದ ಆರೋಗ್ಯ ಕಾರ್ಯಕರ್ತೆಯು ಗುರುತಿಸಬೇಕಾದ ಲಕ್ಷಣಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನೇ ಎಣಿಸಿದೆ. ನಮ್ಮ ಅಜ್ಜಿ ಇದನ್ನು ಯಾವ ತರಬೇತಿಯೂ ಇಲ್ಲದೆ ಗುರುತಿಸುತ್ತಿದ್ದಳು. ಗುರುತಿಸಿದವಳು ಕಾಯಿಸಿದ ಕಬ್ಬಿಣದಿಂದಲೋ ಬಳೆಯ ಚೂರಿನಿಂದಲೋ ಹೊಟ್ಟೆಯ ಮೇಲೆ ಬರೆ ಹಾಕಿಸುತ್ತಿದ್ದಳು. ಬರೆ ಹಾಕಿಸಿಕೊಂಡು ಬದುಕಿದವರ ಹೊಟ್ಟೆಯ ಮೇಲಿನ ಗುರುತುಗಳನ್ನು ಈ ಭಾಗದಲ್ಲಿ ಯಾರೂ ನೋಡಬಹುದು. ಬದುಕದವರ ಗುರುತು ಉಳಿಯಲಿಲ್ಲವಾದುದರಿಂದ ಆ ಚಿಕಿತ್ಸೆಗೆ ಕೀರ್ತಿ ಬಂದಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪಾಠ: ಉಳಿದ ಆಕರಗಳನ್ನಷ್ಟೇ ನಂಬಿದರೆ ಬರೆಯೂ ಮದ್ದಾಗಿ ತೋರುತ್ತದೆ. ವಾಸ್ತವವಾಗಿ ಸುಟ್ಟ ಗಾಯದಿಂದ ನಂಜೇರುತ್ತದೆ, ನೋವಿನಿಂದ ಕೂಸು ಮೊಲೆಯುಣ್ಣದು, ಎಲ್ಲಕ್ಕಿಂತ ಮಿಗಿಲಾಗಿ ಆಸ್ಪತ್ರೆಗೆ ಹೋಗಬೇಕಾದ ದಿನ ಕಳೆದುಹೋಗುತ್ತದೆ.

ಅಜ್ಜಿಯ ನೋಟಕ್ಕೆ ಸೇರಿಸಬೇಕಾದುದು ಎಣಿಕೆಯೊಂದನ್ನೇ. ಮಗು ಅಳದೆ ಶಾಂತವಾಗಿರುವಾಗ ಅಂಗಿಯನ್ನೆತ್ತಿ, ಗಡಿಯಾರ ನೋಡುತ್ತ, ಪೂರ್ತಿ ಒಂದು ನಿಮಿಷ ಉಸಿರನ್ನೆಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಮೇಲೆ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷದವರೆಗೆ 40 ಅಥವಾ ಮೇಲೆ ಎಂದರೆ ಅದು ವೇಗದ ಉಸಿರು. ಕೆಮ್ಮಿನೊಡನೆ ಇದು ಕಂಡರೆ ಅಂದೇ ಆರೋಗ್ಯಕೇಂದ್ರಕ್ಕೆ ಹೋಗಬೇಕು. ಪಕ್ಕೆ ಸೆಳೆಯುತ್ತಿದ್ದರೆ ಎಣಿಕೆ ಎಷ್ಟೇ ಇರಲಿ, ತಡ ಮಾಡಕೂಡದು. ಮನೆಯಲ್ಲಿ ಮಾಡಬೇಕಾದುದು ಸ್ವಲ್ಪವೇ: ಮೂಗನ್ನು ಮೆತ್ತನೆಯ ಬಟ್ಟೆಯಿಂದ ಶುಚಿಗೊಳಿಸುವುದು, ಮೇಲಿಂದ ಮೇಲೆ ಹಾಲು ಕುಡಿಸುವುದು, ಒಲೆಯ ಹೊಗೆಯಿಂದ ದೂರವಿಡುವುದು. ಜ್ವರ ಬಂದ ಮಗುವನ್ನು ಕಂಬಳಿಯಲ್ಲಿ ಸುತ್ತುವ ರೂಢಿ, ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವ ಈ ಸೀಮೆಗೆ ಸಲ್ಲದು. ಹುಟ್ಟಿದ ಕೆಲವೇ ದಿನಗಳ ಕೂಸಿನ ಮಾತು ಬೇರೆ, ಅದಕ್ಕೆ ತಾಯಿಯ ಎದೆಯ ಬಿಸುಪು ಅವಶ್ಯ. ಜ್ವರದಲ್ಲಿ ಸೆಳವು ಬಂದರೆ ಮಗುವನ್ನು ಮಗ್ಗುಲಾಗಿ ಮಲಗಿಸಬೇಕು. ಬಾಯಲ್ಲಿ ಚಮಚೆ ತುರುಕುವುದು, ನೀರು ಹಾಕುವುದು ಕೂಡದು. ಕೈಯಲ್ಲಿ ಕಬ್ಬಿಣ ಹಿಡಿಸುವುದರಿಂದ ಏನೂ ಆಗದು.

ಮೂರನೆಯದಾದ ‘ಅಮ್ಮ’ನ ವಿಷಯದಲ್ಲಿ ನಮ್ಮ ತೀರ್ಮಾನ ಹೆಚ್ಚು ಮೃದುವಾದುದು. ಸಿಡುಬು, ದಡಾರ, ನೀರುಸಿಡುಬು ಮೂರಕ್ಕೂ ಜನ ಅಮ್ಮನೆಂದೇ ಹೆಸರಿಟ್ಟರು. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಹೊರಗಿನವರು ಬರಲಿಲ್ಲ, ಮನೆಯವರು ಸಂತೆಗೆ ಹೋಗಲಿಲ್ಲ. ಮಗುವನ್ನು ತಂಪಾದ, ಮಬ್ಬು ಬೆಳಕಿನ ಕೋಣೆಯಲ್ಲಿ ಮಲಗಿಸಿ, ಬಯ್ಯದೆ, ಹೊಡೆಯದೆ, ದೇವತೆಯಂತೆ ನೋಡಿಕೊಂಡರು. ದಡಾರದಲ್ಲಿ ಕಣ್ಣಿಗೆ ಬೆಳಕು ಚುಚ್ಚುವುದೆಂದೂ ರೋಗಿಯನ್ನು ಪ್ರತ್ಯೇಕವಾಗಿಡಬೇಕೆಂದೂ ದಾದಿಯರ ಪಠ್ಯಪುಸ್ತಕಗಳು ಹೇಳುವುದು ಇದನ್ನೇ. ಕೆಡುಕಾದುದು ಎರಡು ಕಡೆ: ಅಮ್ಮನಿಗೆ ಸಿಟ್ಟು ಬರುವುದೆಂದು ಸೂಜಿ, ಮಾತ್ರೆಗಳನ್ನು ದೂರವಿಟ್ಟುದು, ಪಥ್ಯದ ಹೆಸರಿನಲ್ಲಿ ಆಹಾರವನ್ನು ಕಡಿತಗೊಳಿಸಿದುದು. ದಡಾರವು ಗುಳ್ಳೆಗಳಿಂದ ಕೊಲ್ಲುವುದಿಲ್ಲ. ಹಿಂದೆಯೇ ಬರುವ ನ್ಯುಮೋನಿಯಾ, ಭೇದಿಗಳಿಂದ ಕೊಲ್ಲುತ್ತದೆ, ಕಣ್ಣನ್ನು ಕೆಡಿಸುತ್ತದೆ. ಆದುದರಿಂದಲೇ ದಡಾರವಾದ ಮಗುವಿಗೆ ‘ಎ’ ಜೀವಸತ್ವವನ್ನು ಎರಡು ದಿನ ಕೊಡುತ್ತಾರೆ. ಆರೋಗ್ಯಕೇಂದ್ರದಲ್ಲಿ ವಯಸ್ಸಿಗೆ ತಕ್ಕ ಪ್ರಮಾಣವನ್ನು ನಿರ್ಧರಿಸುತ್ತಾರೆ. ಸಿಡುಬು 1975ರಲ್ಲಿ ಭಾರತದಿಂದ ಹೋಯಿತು. ದಡಾರ ಹೋಗಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು; ಈಗ ಮೊದಲ ಚುಚ್ಚುಮದ್ದು 9 ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ.

ಇಷ್ಟೆಲ್ಲ ತಿಳಿದಮೇಲೂ ಉಳಿಯುವ ಪ್ರಶ್ನೆಯೆಂದರೆ, ಈಗ ಕೂಸಿನ ಬಳಿ ಕುಳಿತಿರುವವರು ಯಾರು? ನಾರಾಯಣಪುರ ಅಣೆಕಟ್ಟಿನ ಕಾಲುವೆಗಳು ಸುರಪುರ, ಶಹಾಪುರಗಳ ಹೊಲಗಳಿಗೆ ಭತ್ತ, ಹತ್ತಿ, ಮೆಣಸಿನಕಾಯಿಗಳನ್ನು ತಂದವು. ನಾಟಿ, ಕಳೆ, ಹತ್ತಿ ಬಿಡಿಸುವುದು ಹೆಂಗಸರ ಕೂಲಿ. ನೀರಾವರಿ ಇಲ್ಲದ ಊರುಗಳಿಂದ ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೆ ಗುಳೆ. ತಾಯಿ ಹೊಲದಲ್ಲಿದ್ದಾಗ ಕೂಸು ಇರುವುದು ಎಂಟು ಹತ್ತು ವರ್ಷದ ಅಕ್ಕನ ಸೊಂಟದ ಮೇಲೆ. 2015–16ರ ಮತ್ತು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳೆರಡರಲ್ಲಿಯೂ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸೊರಗಿದ ಮಗುವಿಗೆ ಪ್ರತಿ ಜ್ವರವೂ ಉದ್ದವಾಗುತ್ತದೆ, ಪ್ರತಿ ಜ್ವರದ ನಂತರ ಅದು ಮತ್ತಷ್ಟು ಸೊರಗುತ್ತದೆ.

ಒಂದು ವಿಪರ್ಯಾಸವನ್ನು ಇಲ್ಲಿ ಹೇಳಬೇಕು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಬಹುಕಾಲ ತಾಯಿಯನ್ನು ಮಗುವಿನ ಹಾಸಿಗೆಯಿಂದ ದೂರವಿಡಲಾಗುತ್ತಿತ್ತು. 1959ರ ಪ್ಲಾಟ್ ಸಮಿತಿಯ ವರದಿಯು ತಾಯಂದಿರು ಬಂದು ನೋಡುವುದಕ್ಕೆ ನಿರ್ಬಂಧವಿರಬಾರದೆಂದು ಸಲಹೆ ಮಾಡಿತು. ನಮ್ಮ ಆಸ್ಪತ್ರೆಗಳಲ್ಲಿ ಕೂಸಿನ ಮಂಚದ ಮೇಲೆಯೋ ಕೆಳಗೋ ತಾಯಿ ಯಾವಾಗಲೂ ಇದ್ದಳು. ಅವಳ ಅಲ್ಲಿನ ಇರವನ್ನು ಗೊಂದಲವೆಂದು ಬಗೆದು ಗದರಿಸಿದೆವೇ ಹೊರತು, ಅವಳ ಕೈಗೆ ಚಮಚೆ ಕೊಟ್ಟು ಕಲಿಸಿದುದು ಕಡಿಮೆ. ಆಶಾ ಕಾರ್ಯಕರ್ತೆಯರು 2011ರಿಂದ, ಹೆರಿಗೆಯಾದ ಮೇಲೆ 42 ದಿನಗಳವರೆಗೆ ಗೊತ್ತಾದ ದಿನಗಳಂದು ಮನೆಗೇ ಹೋಗಿ ಕೂಸನ್ನು ನೋಡುವ ಕ್ರಮ ಈ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದೆ. ಆದರೆ ಅವರು ಹೋದ ಹೊತ್ತಿಗೆ ತಾಯಿ ಹೊಲದಲ್ಲಿದ್ದರೆ, ಬಾಗಿಲಲ್ಲಿ ಸಿಕ್ಕುವವಳು ಆ ಅಕ್ಕನೇ.

1979ರ ಅಂತರರಾಷ್ಟ್ರೀಯ ಶಿಶುವರ್ಷದ ಸುಮಾರಿಗೆ ಲಂಡನ್ನಿನ ಡೇವಿಡ್ ಮಾರ್ಲೆ ಮೊದಲಾದವರು, ತಮ್ಮತಂಗಿಯರನ್ನು ನೋಡಿಕೊಳ್ಳುವ ಶಾಲಾಮಕ್ಕಳಿಗೇ ಭೇದಿಯ ನೀರನ್ನು ಬೆರೆಸುವುದು, ರೋಗದ ಚಿಹ್ನೆಗಳನ್ನು ಗುರುತಿಸುವುದು ಮೊದಲಾದುವನ್ನು ಕಲಿಸುವ ಕ್ರಮವೊಂದನ್ನು ಆರಂಭಿಸಿದರು. ಹತ್ತು ವರ್ಷದ ಹುಡುಗಿ ಶಾಲೆ ಬಿಟ್ಟು ಕೂಸನ್ನೆತ್ತಿಕೊಂಡು ತಿರುಗುವುದನ್ನು ನಾವು ಒಪ್ಪುವುದಿಲ್ಲ. ಕೂಸಿನ ಮನೆಯನ್ನು ತೆರೆದು ಅವಳನ್ನು ಶಾಲೆಗೆ ಕಳುಹಿಸುವುದೇ ಸರಿ. ಆದರೆ ಅದು ಆಗುವತನಕ ಅವಳ ಸೊಂಟದ ಮೇಲಿನ ಕೂಸಿಗೆ ಜುಲಾಬು ಆಗುತ್ತಲೇ ಇರುತ್ತದೆ. ನಮ್ಮ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ವರ್ಷವರ್ಷವೂ ಈ ಹಳ್ಳಿಗಳಲ್ಲಿಯೇ ನಡೆಯುತ್ತವೆ. ವಿದ್ಯಾರ್ಥಿಗಳು ಮೊದಲು ಅಜ್ಜಿಯರನ್ನು ಕೇಳಿ ನೆತ್ತಿ, ಪಕ್ಕೆಗಳ ಮಾತುಗಳನ್ನು ಬರೆದುಕೊಳ್ಳಲಿ. ಅನಂತರ ಅಜ್ಜಿ, ತಾಯಿ, ಅಕ್ಕ ಮೂವರನ್ನೂ ಕೂಡಿಸಿ ಒಂದು ಲೀಟರಿನ ಅಳತೆಯನ್ನು ಮನೆಯ ತಂಬಿಗೆಯಲ್ಲಿಯೇ ಗುರುತಿಸಿಕೊಡಲಿ. ಉಸಿರೆಣಿಸಲು ಬೇಕಾದ ಗಡಿಯಾರ ಈಗ ಬಹುತೇಕ ಮನೆಗಳ ಮೊಬೈಲಿನಲ್ಲಿದೆ.