ಸಿನಿಮಾಕ್ಕೂ ಸಂಗೀತಕ್ಕೂ ಒಂದೇ ಪ್ರೀಆಂಪ್ ಸಾಕೇ?

1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸೇರಿ ಸೂಪರ್ ಆಡಿಯೊ ಸಿಡಿಯನ್ನು ಹೊರತಂದವು. ಮರುವರ್ಷ ಅದಕ್ಕೆ ಪೈಪೋಟಿಯಾಗಿ ಡಿವಿಡಿ ಆಡಿಯೊ ಬಂತು. ಸಿಡಿಗಿಂತ ಹೆಚ್ಚು ವಿವರ, ಎರಡು ಚಾನೆಲ್ ಇದ್ದ ಕಡೆ ಆರು ಚಾನೆಲ್ ಎಂಬುದು ಎರಡರ ಭರವಸೆಯೂ ಆಗಿತ್ತು. ಆದರೆ ಸಂಗೀತ ಕಂಪನಿಗಳಿಗೆ ನಕಲಿನ ಭಯ. ಅಷ್ಟು ಶುದ್ಧವಾದ ಡಿಜಿಟಲ್ ಸಂಕೇತವನ್ನು ಪ್ಲೇಯರಿನಿಂದ ಹಾಗೆಯೇ ಹೊರಬಿಡಲು ಅವು ಒಪ್ಪಲಿಲ್ಲ. ಹೀಗಾಗಿ ಸಂಗೀತ ಪ್ಲೇಯರಿನ ಹೊಟ್ಟೆಯೊಳಗೇ ಅನಲಾಗ್ ಆಗಿ, ಆರು ಬೇರೆ ಬೇರೆ ಕೇಬಲ್‌ಗಳಲ್ಲಿ ಹೊರಬರಬೇಕಾಯಿತು. ಅದೇ ಪ್ಲೇಯರಿಗೆ ಸಿನಿಮಾ ಡಿವಿಡಿ ಹಾಕಿದರೆ ಮಾತ್ರ ಇಡೀ ಧ್ವನಿ ಒಂದೇ ಡಿಜಿಟಲ್ ಕೇಬಲ್‌ನಲ್ಲಿ ಸಲೀಸಾಗಿ ಸಾಗುತ್ತಿತ್ತು. ಸ್ಪೀಕರ್ ಅವೇ, ಸೋಫಾ ಅದೇ, ಆದರೆ ಸಂಗೀತಕ್ಕೊಂದು ದಾರಿ, ಸಿನಿಮಾಕ್ಕೊಂದು ದಾರಿ. ಎರಡಕ್ಕೂ ಹೊಂದುವ ಪ್ರೀಆಂಪ್ ಯಾವುದು ಎಂಬ ತಲೆನೋವು ಮನೆಮನೆಗೆ ಬಂದದ್ದು ಆ ಆರು ಕೇಬಲ್‌ಗಳ ಜೊತೆಯಲ್ಲಿ. ಕೇಬಲ್‌ಗಳು ಮಾಯವಾಗಿವೆ, ತಲೆನೋವು ಇನ್ನೂ ಇದೆ.

ಹಳೆಯ ಸ್ಟೀರಿಯೊ ಪ್ರೀಆಂಪಿನ ಕೆಲಸ ಸರಳ. ಸಿಡಿಯೋ ರೇಡಿಯೊವೋ ಎಂದು ಆರಿಸುವುದು, ವಾಲ್ಯೂಮ್ ಏರಿಸಿ ಇಳಿಸುವುದು, ಸಂಕೇತವನ್ನು ಪವರ್ ಆಂಪ್ಲಿಫೈಯರ್‌ಗೆ ದಾಟಿಸುವುದು. ಎಷ್ಟು ಕಡಿಮೆ ಕೈಯಾಡಿಸುತ್ತದೋ ಅಷ್ಟು ಒಳ್ಳೆಯದು. ಸಿನಿಮಾಕ್ಕೆ ಬೇಕಾದ ಪ್ರೀಆಂಪ್, ಅಂದರೆ ಸರೌಂಡ್ ಪ್ರೊಸೆಸರಿನದು ಇದಕ್ಕೆ ತದ್ವಿರುದ್ಧ ಸ್ವಭಾವ. ಅದು ಮೊದಲು ಡಾಲ್ಬಿ ಅಥವಾ ಡಿಟಿಎಸ್ ಸಂಕೇತವನ್ನು ಬಿಡಿಸಿಕೊಳ್ಳಬೇಕು. ಸಣ್ಣ ಸ್ಪೀಕರ್‌ಗಳಿಗೆ ಹೊರಲಾಗದ ಬಾಸನ್ನು, ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು, ಬೇರ್ಪಡಿಸಿ ಸಬ್‌ವೂಫರಿಗೆ ಕಳಿಸಬೇಕು. ಹತ್ತಿರದ ಸ್ಪೀಕರಿನ ಧ್ವನಿಯನ್ನು ತುಸು ತಡೆದು ದೂರದ್ದರ ಜೊತೆ ಕೂಡಿಸಬೇಕು. ಒಂದು ಮೀಟರ್ ಅಂತರಕ್ಕೆ ಸುಮಾರು ಮೂರು ಮಿಲಿಸೆಕೆಂಡು. ಪ್ರೊಸೆಸರಿನೊಳಗೆ ಈ ಎಲ್ಲ ಲೆಕ್ಕ ನಡೆಯುವುದು ಡಿಜಿಟಲ್ ರೂಪದಲ್ಲಿ.

ಆರು ಕೇಬಲ್‌ಗಳ ಕಾಲದಲ್ಲಿ ಎಡವಟ್ಟಾದದ್ದು ಇಲ್ಲೇ. ಅನಲಾಗ್ ದಾರಿಯಲ್ಲಿ ಬಂದ ಸಂಗೀತ ಪ್ರೊಸೆಸರಿನ ಲೆಕ್ಕಾಚಾರವನ್ನೆಲ್ಲ ತಪ್ಪಿಸಿಕೊಂಡು ಹೋಗಿ ನೇರವಾಗಿ ವಾಲ್ಯೂಮ್ ಗುಂಡಿಗೆ ಸೇರುತ್ತಿತ್ತು. ಶುದ್ಧತೆ ಉಳಿಯಿತು, ನಿಜ. ಆದರೆ ಸಿನಿಮಾಕ್ಕೆ ಸರಿಹೊಂದಿಸಿಟ್ಟಿದ್ದ ಬಾಸ್ ವಿಂಗಡಣೆಯೂ ದೂರದ ಲೆಕ್ಕವೂ ಸಂಗೀತಕ್ಕೆ ದಕ್ಕಲಿಲ್ಲ. ಎಷ್ಟೋ ಮನೆಗಳಲ್ಲಿ ಸಬ್‌ವೂಫರ್ ಹತ್ತು ಡೆಸಿಬಲ್ ಕಡಿಮೆ ಮಟ್ಟದಲ್ಲಿ ನುಡಿಯುತ್ತಿತ್ತು, ಏಕೆಂದರೆ ಸಿನಿಮಾದ ಬಾಸ್ ಚಾನೆಲ್‌ಗೆ ಪ್ರೊಸೆಸರ್ ತಾನಾಗಿ ಸೇರಿಸುವ ಹತ್ತು ಡೆಸಿಬಲ್ ಈ ದಾರಿಯಲ್ಲಿ ಸೇರುತ್ತಿರಲಿಲ್ಲ. ಸಾವಿರಾರು ಡಾಲರಿನ ಉಪಕರಣದಲ್ಲಿ ಹೊಸ ಡಿಸ್ಕು ಹಾಕಿದವರಿಗೆ ಹಳೆಯ ಸಿಡಿಯೇ ತುಂಬಿಕೊಂಡು ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಈ ಕೊರತೆ ತುಂಬುವುದಕ್ಕೆಂದೇ ಅಮೆರಿಕದ ಔಟ್‌ಲಾ ಆಡಿಯೊ ಕಂಪನಿ ಐಸಿಬಿಎಂ-1 ಎಂಬ ಪ್ರತ್ಯೇಕ ಪೆಟ್ಟಿಗೆಯನ್ನು ಮಾರಿತು. ಆರು ಕೇಬಲ್ ಒಳಗೆ, ಆರು ಕೇಬಲ್ ಹೊರಗೆ, ನಡುವೆ ಬಾಸ್ ವಿಂಗಡಣೆ! ಪೆಟ್ಟಿಗೆಯ ತೊಂದರೆಗೆ ಇನ್ನೊಂದು ಪೆಟ್ಟಿಗೆಯೇ ಮದ್ದು ಎಂಬ ನಂಬಿಕೆ ಈ ಹವ್ಯಾಸದವರಲ್ಲಿ ಬಲವಾಗಿದೆ.

ಗಂಟನ್ನು ಬಿಡಿಸಿದ್ದು ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಸಾಗಿಸುವ ಎಚ್‌ಡಿಎಂಐ ಕೇಬಲ್. 2004ರ ಅದರ 1.1 ಆವೃತ್ತಿ ಡಿವಿಡಿ ಆಡಿಯೊವನ್ನು, 2005ರ 1.2 ಆವೃತ್ತಿ ಸೂಪರ್ ಆಡಿಯೊ ಸಿಡಿಯ ಸಂಕೇತವನ್ನು ಹೊರಲು ಕಲಿತವು. 2006ರ 1.3ರ ಹೊತ್ತಿಗೆ ಬ್ಲೂ-ರೇ ಡಿಸ್ಕಿನ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿಗಳೂ ಸೇರಿಕೊಂಡವು. ನಕಲು ತಡೆಯುವ ಬೀಗ ಕೇಬಲ್ಲಿನ ವ್ಯವಸ್ಥೆಯಲ್ಲೇ ಇದ್ದುದರಿಂದ ಕಂಪನಿಗಳಿಗೂ ಸಮಾಧಾನ. ಈಗ ಸಂಗೀತವೂ ಸಿನಿಮಾವೂ ಒಂದೇ ತಂತಿಯಲ್ಲಿ ಬರುತ್ತವೆ.

ಹಾಗಾದರೆ ಒಂದೇ ಪ್ರೊಸೆಸರ್ ಸಾಕಲ್ಲ? ಬಹುಪಾಲು ಮನೆಗಳಿಗೆ ಸಾಕು ಎಂದೇ ನನ್ನ ಅಭಿಪ್ರಾಯ. ಆದರೆ ಆ ಮಾತು ಒಪ್ಪುವ ಮೊದಲು, ಸಿನಿಮಾದ ಸರೌಂಡ್ ಮತ್ತು ಸಂಗೀತದ ಸರೌಂಡ್ ಕೇಳುವುದು ಒಂದನ್ನೇ ಅಲ್ಲ ಎಂಬುದನ್ನು ತಿಳಿಯಬೇಕು.

ಸಿನಿಮಾ ಮಿಶ್ರಣವಾಗುವುದು ಒಂದು ಗೊತ್ತಾದ ಮಟ್ಟದಲ್ಲಿ. ಪ್ರತಿ ಮುಂಭಾಗದ ಚಾನೆಲ್ ಕೇಳುಗನ ಜಾಗದಲ್ಲಿ 85 ಡೆಸಿಬಲ್‌ಗೆ ಹೊಂದಿಸಿರುತ್ತದೆ, ಮೇಲೆ 20 ಡೆಸಿಬಲ್ ಅಬ್ಬರಕ್ಕೆ ಜಾಗ. ಪ್ರೊಸೆಸರಿನ ವಾಲ್ಯೂಮ್ ಸೊನ್ನೆಯಿಂದ ಕೆಳಗೆ ಮೈನಸ್ 20, ಮೈನಸ್ 30 ಎಂದು ತೋರಿಸುವುದು ಇದೇ ಕಾರಣಕ್ಕೆ; ಸೊನ್ನೆ ಎಂದರೆ ಥಿಯೇಟರಿನ ಮಟ್ಟ. ಬಹುಪಾಲು ಮಾತು ಪರದೆಯ ಹಿಂದಿನ ಸೆಂಟರ್ ಸ್ಪೀಕರಿನದು. ಥಿಯೇಟರಿನ ಪಕ್ಕದ ಗೋಡೆಗಳಲ್ಲಿ ಸಾಲು ಸ್ಪೀಕರ್‌ಗಳಿರುವುದರಿಂದ ಮಳೆ, ಜನಜಂಗುಳಿ, ಹೆಲಿಕಾಪ್ಟರ್ ಯಾವುದೋ ಒಂದು ಮೂಲೆಯಿಂದ ಬಂದಂತೆ ಅನಿಸಬಾರದು, ಸುತ್ತಲೂ ಹರಡಬೇಕು. ಹಾಗಾಗಿಯೇ ಹೋಮ್ ಥಿಯೇಟರಿನ ಸರೌಂಡ್ ಸ್ಪೀಕರ್‌ಗಳು ಸಣ್ಣವಾದರೂ, ಕಿವಿಗಿಂತ ಎತ್ತರದಲ್ಲಿ ತೂಗಿದರೂ ನಡೆಯುತ್ತದೆ.

ಸಂಗೀತಕ್ಕೆ ಇಂಥ ಒಪ್ಪಿತ ಮಟ್ಟವಿಲ್ಲ. ಐದು ಸ್ಪೀಕರ್‌ಗಳ ಜಾಗವನ್ನು ಹೇಳುವ ಐಟಿಯು ಶಿಫಾರಸು ಮಾತ್ರ ಇದೆ: ಮುಂದಿನವು 30 ಡಿಗ್ರಿಗೆ, ಹಿಂದಿನವು 100ರಿಂದ 120 ಡಿಗ್ರಿ ನಡುವೆ, ಎಲ್ಲವೂ ಕೇಳುಗನಿಂದ ಸಮದೂರ. ಐದೂ ಒಂದೇ ಜಾತಿಯ ಸ್ಪೀಕರ್‌ಗಳಾಗಿದ್ದರೆ ಉತ್ತಮ. ಶಾಸ್ತ್ರೀಯ ಸಂಗೀತದ ಹೆಚ್ಚಿನ ಮುದ್ರಣಗಳಲ್ಲಿ ಹಿಂದಿನ ಸ್ಪೀಕರ್‌ಗಳಿಗೆ ಸಿಗುವುದು ಸಭಾಂಗಣದ ಗಾಳಿ ಮಾತ್ರ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದಲ್ಲಿ ಕೂತು ಕಛೇರಿ ಕೇಳಿದವರಿಗೆ ಇದು ಗೊತ್ತು: ಹಾಡುವವರು ಮುಂದೆಯೇ ಇರುತ್ತಾರೆ, ಆದರೆ ಹಿಂದಿನಿಂದ ಮರಳಿ ಬರುವ ಗುಂಗು ಇಲ್ಲದಿದ್ದರೆ ಕಛೇರಿ ಒಣಗಿಹೋಗುತ್ತದೆ. ರಾಕ್ ಸಂಗೀತದವರಿಗೆ ಇಂಥ ಸಂಕೋಚವಿಲ್ಲ. ಪಿಂಕ್ ಫ್ಲಾಯ್ಡ್ ತಂಡದ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಮ್ಮಿಗೆ ಅಲನ್ ಪಾರ್ಸನ್ಸ್ ಮಾಡಿದ ನಾಲ್ಕು ಚಾನೆಲ್ ಮಿಶ್ರಣವಿದೆ, 2003ರಲ್ಲಿ ಸೂಪರ್ ಆಡಿಯೊ ಸಿಡಿಗೆಂದು ಜೇಮ್ಸ್ ಗತ್ರಿ ಮಾಡಿದ 5.1 ಮಿಶ್ರಣವೂ ಇದೆ. ಅಲ್ಲಿ ಗಡಿಯಾರಗಳು ಕೇಳುಗನ ಬೆನ್ನ ಹಿಂದೆಯೂ ಬಾರಿಸುತ್ತವೆ. ಹಿಂದಿನ ಸ್ಪೀಕರ್ ಬಡಕಲಾಗಿದ್ದರೆ ಅರ್ಧ ಆಲ್ಬಮ್ ಬಡಕಲು.

ಎಪ್ಪತ್ತರ ದಶಕದ ಆ ನಾಲ್ಕು ಚಾನೆಲ್ ಪ್ರಯೋಗ ಸೋತದ್ದಕ್ಕೂ ಇಲ್ಲಿ ಪಾಠವಿದೆ. ಸಿಬಿಎಸ್‌ನ ಎಸ್‌ಕ್ಯೂ, ಸಾನ್‌ಸುಯಿಯ ಕ್ಯೂಎಸ್, ಜೆವಿಸಿಯ ಸಿಡಿ-4 ಎಂದು ಒಂದಕ್ಕೊಂದು ಹೊಂದದ ಪದ್ಧತಿಗಳು ಬಡಿದಾಡಿ, ಯಾವ ಡಿಕೋಡರ್ ಕೊಳ್ಳಬೇಕೆಂದು ತಿಳಿಯದೆ ಜನ ಏನನ್ನೂ ಕೊಳ್ಳದೆ ಸುಮ್ಮನಾದರು. ಈಗಿನ ಪ್ರೊಸೆಸರ್ ಚಾಲ್ತಿಯಲ್ಲಿರುವ ಮುಖ್ಯ ಭಾಷೆಗಳನ್ನೆಲ್ಲ ಬಲ್ಲದು. ಅದೇ ಅದರ ದೊಡ್ಡ ಗುಣ.

ಶುದ್ಧತಾವಾದಿಗಳ ಆಕ್ಷೇಪ ಬೇರೆ. ಸೂಪರ್ ಆಡಿಯೊ ಸಿಡಿಯ ಸಂಕೇತ ಒಂದೇ ಬಿಟ್ಟಿನದು, ಸೆಕೆಂಡಿಗೆ 28 ಲಕ್ಷ ಬಾರಿಗೂ ಮಿಕ್ಕಿ ಬಡಿಯುವಂಥದ್ದು. ಆ ರೂಪದಲ್ಲಿ ಬಾಸ್ ವಿಂಗಡಿಸುವುದು, ತಡೆದು ಕಳಿಸುವುದು ಕಷ್ಟ. ಆದ್ದರಿಂದ ಬಹುಪಾಲು ಪ್ರೊಸೆಸರ್‌ಗಳು ಅದನ್ನು ಮೊದಲು ಸಿಡಿಯಲ್ಲಿರುವಂಥ ಸಾಮಾನ್ಯ ಪಿಸಿಎಂ ರೂಪಕ್ಕೆ ಪರಿವರ್ತಿಸಿಕೊಳ್ಳುತ್ತವೆ. 'ಹಾಗಾದರೆ ಆ ಡಿಸ್ಕಿಗೆ ಕೊಟ್ಟ ದುಡ್ಡು?' ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಪಕ್ಕದಲ್ಲಿ ಕೋಣೆಯ ಲೆಕ್ಕವನ್ನೂ ಇಡಬೇಕು. ಹದಿನಾಲ್ಕು ಅಡಿ ಉದ್ದದ ಹಾಲ್‌ನಲ್ಲಿ ಸುಮಾರು 40 ಹರ್ಟ್ಸ್‌ನ ಧ್ವನಿ ಗೋಡೆಯಿಂದ ಗೋಡೆಗೆ ನಿಂತ ಅಲೆಯಾಗಿ, ಕೆಲವು ಜಾಗದಲ್ಲಿ ಊದಿಕೊಂಡು ಕೆಲವು ಜಾಗದಲ್ಲಿ ಸತ್ತೇಹೋಗುತ್ತದೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಇರುವುದು 41 ಹರ್ಟ್ಸ್‌ನಲ್ಲಿ. ಇದರಿಂದ ಆಗುವ ಏರುಪೇರು ಹತ್ತು ಡೆಸಿಬಲ್ ದಾಟುವುದು ಸಾಮಾನ್ಯ. ಆದರೆ ಪಿಸಿಎಂ ಪರಿವರ್ತನೆಯಿಂದ ಆಗುವ ಬದಲಾವಣೆಯನ್ನು ಕಣ್ಣು ಕಟ್ಟಿ ಪರೀಕ್ಷಿಸಿದಾಗ ಗುರುತಿಸುವುದೇ ಕಷ್ಟ. ಕಾಲಿಗೆ ಮುಳ್ಳು ಚುಚ್ಚಿರುವಾಗ ಚಪ್ಪಲಿಯ ಬಣ್ಣದ ಬಗ್ಗೆ ವಾದ ಮಾಡಿದಂತೆ ಇದು.

ನಮ್ಮ ಮನೆಗಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಅಮೆರಿಕದ ಮರದ ಚೌಕಟ್ಟಿನ ಗೋಡೆ ಒಂದಿಷ್ಟು ಬಾಸನ್ನು ತಾನೇ ಕುಡಿದುಬಿಡುತ್ತದೆ. ಮೈಸೂರು, ಹುಬ್ಬಳ್ಳಿ, ಬೆಂಗಳೂರಿನ ಕಾಂಕ್ರೀಟು, ಇಟ್ಟಿಗೆ, ವಿಟ್ರಿಫೈಡ್ ಟೈಲ್ಸ್ ಹಾಗಲ್ಲ, ಬಂದದ್ದನ್ನೆಲ್ಲ ತಿರುಗಿಸಿ ಎಸೆಯುತ್ತವೆ. ಮೊದಲು ಒಂದು ದಪ್ಪ ಜಮಖಾನ, ಭಾರದ ಪರದೆ. ಆಮೇಲೆ ಮೈಕ್ ಇಟ್ಟು ಕೋಣೆಯನ್ನು ಅಳೆದು ಸರಿಪಡಿಸುವ ತಂತ್ರಾಂಶ. ಸ್ವೀಡನ್ನಿನ ಡಿರಾಕ್, ಫ್ರಾನ್ಸಿನ ಟ್ರಿನೋವ್, ಅನೇಕ ಡೆನಾನ್ ಮತ್ತು ಮರಾಂಟ್ಜ್ ಉಪಕರಣಗಳಲ್ಲಿರುವ ಆಡಿಸಿ, ಆಂಥೆಮ್ ಕಂಪನಿಯ ಎಆರ್‌ಸಿ, ಎಲ್ಲವೂ ಈ ಕೆಲಸದವೇ. ಜಮಖಾನ ಎತ್ತರದ ಸ್ವರಗಳ ಪ್ರತಿಧ್ವನಿಯನ್ನಷ್ಟೇ ತಗ್ಗಿಸುತ್ತದೆ, ಬಾಸಿಗೆ ತಂತ್ರಾಂಶವೇ ಗತಿ. ಎರಡು ಪ್ರೊಸೆಸರ್‌ಗಳ ನಡುವೆ ಆರಿಸುವಾಗ ನಾನು ಮೊದಲು ನೋಡುವುದು ಈ ತಂತ್ರಾಂಶವನ್ನು, ಆಮೇಲೆ ಡಿಜಿಟಲನ್ನು ಅನಲಾಗ್ ಮಾಡುವ ಡಿಎಸಿ ಚಿಪ್ಪಿನ ಹೆಸರನ್ನು. ತಿದ್ದುಪಡಿಯನ್ನು 300 ಹರ್ಟ್ಸ್‌ನಂಥ ಒಂದು ಗಡಿಯವರೆಗೆ ಮಾತ್ರ ಅನ್ವಯಿಸಿ, ಮೇಲಿನದನ್ನು ಸ್ಪೀಕರಿಗೇ ಬಿಡುವ ಅವಕಾಶ ಇದೆಯೇ ಎಂದೂ ಕೇಳಬೇಕು. ಸಂಗೀತ ಕೇಳುವವರಿಗೆ ಇದು ಮುಖ್ಯ.

ಎಲ್‌ಪಿ ತಟ್ಟೆಗಳ ದೊಡ್ಡ ಸಂಗ್ರಹ ಇರುವವರು, ಎರಡು ಚಾನೆಲ್ಲಿನ ಅನಲಾಗ್ ದಾರಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲದವರು ಎರಡು ಪೆಟ್ಟಿಗೆ ಇಟ್ಟುಕೊಳ್ಳಬಹುದು. ಇದಕ್ಕೆ ಸ್ಟೀರಿಯೊ ಪ್ರೀಆಂಪಿನಲ್ಲಿ ಹೋಮ್ ಥಿಯೇಟರ್ ಬೈಪಾಸ್ ಎಂಬ ಇನ್‌ಪುಟ್ ಇರಬೇಕು. ಪ್ರೊಸೆಸರಿನ ಮುಂದಿನ ಎಡ-ಬಲ ಚಾನೆಲ್‌ಗಳು ಆ ಬಾಗಿಲಿನಿಂದ ಒಳಬಂದು, ವಾಲ್ಯೂಮ್ ಗುಂಡಿಯನ್ನು ಮುಟ್ಟದೆ ಆಂಪ್ಲಿಫೈಯರಿಗೆ ಹೋಗುತ್ತವೆ. ಸಿನಿಮಾ ನೋಡುವಾಗ ಪ್ರೊಸೆಸರಿನ ವಾಲ್ಯೂಮ್, ಎಲ್‌ಪಿ ಕೇಳುವಾಗ ಪ್ರೀಆಂಪಿನದು. ಚೆಂದದ ಏರ್ಪಾಡು. ಒಂದೇ ಎಚ್ಚರ: ಆ ಬಾಗಿಲಿಗೆ ತಪ್ಪಿಯೂ ಸಿಡಿ ಪ್ಲೇಯರನ್ನು ಸಿಕ್ಕಿಸಬಾರದು. ಪೂರ್ತಿ ವಾಲ್ಯೂಮಿನಲ್ಲಿ ಎರಡು ವೋಲ್ಟ್ ಸಂಕೇತ ನೇರ ಆಂಪ್ಲಿಫೈಯರಿಗೆ ನುಗ್ಗಿದರೆ ಸ್ಪೀಕರಿನ ಟ್ವೀಟರ್ ಉಳಿಯುವುದು ಅನುಮಾನ.

ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಪ್ರೊಸೆಸರ್ ತರಿಸುವವರು ಅದು 230 ವೋಲ್ಟಿಗೆ ಹೊಂದುವುದೋ, 120 ವೋಲ್ಟಿಗೆ ಮಾತ್ರವೋ ನೋಡಿಕೊಳ್ಳಬೇಕು. ವೋಲ್ಟೇಜನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸುಧಾರಿಸುತ್ತದೆ, ವಾರಂಟಿಗೆ ಅಂಥ ಉಪಾಯವಿಲ್ಲ.

ಇನ್ನು ಹಣ ಎಲ್ಲಿ ಹಾಕುವುದು? ಒಳ್ಳೆಯ ಪವರ್ ಆಂಪ್ಲಿಫೈಯರೂ ಸ್ಪೀಕರೂ ಇಪ್ಪತ್ತು ವರ್ಷ ಬಾಳುತ್ತವೆ. ಪ್ರೊಸೆಸರ್ ತರಕಾರಿಯ ಹಾಗೆ ಬೇಗ ಬಾಡುತ್ತದೆ ಎಂದರೆ ಮಾರುವವರು ಒಪ್ಪಲಿಕ್ಕಿಲ್ಲ. ಆದರೆ 2012ರಲ್ಲಿ ಥಿಯೇಟರಿಗೆ, 2014ರಲ್ಲಿ ಮನೆಗೆ ಬಂದ, ತಲೆಯ ಮೇಲಿನಿಂದಲೂ ಧ್ವನಿ ಕೇಳಿಸುವ ಡಾಲ್ಬಿ ಅಟ್ಮಾಸ್, ಅದಕ್ಕೂ ಮೊದಲಿನ ದುಬಾರಿ ಪ್ರೊಸೆಸರ್‌ಗಳನ್ನೆಲ್ಲ ರಾತ್ರೋರಾತ್ರಿ ಹಳತು ಮಾಡಿತು. 2020ರಲ್ಲಿ ಎಚ್‌ಡಿಎಂಐ 2.1ರ ಮೊದಲ ಸುತ್ತಿನ ಕೆಲವು ರಿಸೀವರ್‌ಗಳು (ಪ್ರೊಸೆಸರೂ ಆಂಪ್ಲಿಫೈಯರೂ ಒಂದೇ ಪೆಟ್ಟಿಗೆಯಲ್ಲಿರುವಂಥವು) ಚಿಪ್ಪಿನ ದೋಷದಿಂದ ಹೊಸ ಗೇಮ್ ಕನ್ಸೋಲಿನ 4ಕೆ 120 ಹರ್ಟ್ಸ್ ಚಿತ್ರವನ್ನು ದಾಟಿಸದೆ ನಿಂತವು. ಹಾಗಾಗಿ ಒಟ್ಟು ಬಜೆಟ್ಟಿನ ದೊಡ್ಡ ಪಾಲು ಸ್ಪೀಕರಿಗೆ, ಸಾಧಾರಣ ಪಾಲು ಪ್ರೊಸೆಸರಿಗೆ. ಹಳೆಯ ಡಿಸ್ಕುಗಳ ಕಪಾಟು ಇಲ್ಲದವರು ಬಹುಚಾನೆಲ್ ಅನಲಾಗ್ ಇನ್‌ಪುಟ್ಟಿಗೆಂದು ಹೆಚ್ಚು ಕೊಡಬೇಕಿಲ್ಲ. ಕಪಾಟು ಇದ್ದವರಿಗೂ ಎಚ್‌ಡಿಎಂಐ ಇರುವ ಪ್ಲೇಯರ್ ಸಾಕು.

ಅಟ್ಮಾಸ್ ಈಗ ಸಿನಿಮಾದ ಸೊತ್ತಾಗಿಯೂ ಉಳಿದಿಲ್ಲ. ಆಪಲ್ ಮ್ಯೂಸಿಕ್ 2021ರ ಜೂನ್‌ನಿಂದ ಅಟ್ಮಾಸ್ ಹಾಡುಗಳನ್ನು ಕೊಡುತ್ತಿದೆ. ಬೆಂಗಳೂರಿನ ರಿಕ್ಕಿ ಕೇಜ್, ಸ್ಟೀವರ್ಟ್ ಕೋಪ್‌ಲ್ಯಾಂಡ್ ಜೊತೆ ಮಾಡಿದ 'ಡಿವೈನ್ ಟೈಡ್ಸ್' 2022ರಲ್ಲಿ ನ್ಯೂ ಏಜ್ ವಿಭಾಗದ ಗ್ರ್ಯಾಮಿ ಪಡೆದಿತ್ತು. ಮರುವರ್ಷ ಅದೇ ಆಲ್ಬಮ್ಮಿಗೆ ಇಮ್ಮರ್ಸಿವ್ ಆಡಿಯೊ ವಿಭಾಗದ ಗ್ರ್ಯಾಮಿಯೂ ಬಂತು. ಹಿಂದೆ ಸರೌಂಡ್ ಸೌಂಡ್ ಎಂದು ಕರೆಯುತ್ತಿದ್ದ ವಿಭಾಗವೇ ಅದು. ಇಂಥ ಸಂಗೀತವನ್ನು ಬಿಡಿಸಿ ಕೊಡುವುದು ಎಷ್ಟೇ ಬೆಲೆಬಾಳುವ ಸ್ಟೀರಿಯೊ ಪ್ರೀಆಂಪಿಗೂ ಆಗದ ಕೆಲಸ.

ಅಂಗಡಿಗೆ ಹೋದರೆ ಮೊದಲು ಸ್ಫೋಟದ ದೃಶ್ಯ ಹಾಕುತ್ತಾರೆ. ಅದನ್ನು ನೋಡಿ ಮುಗಿಸಿ, ನಿಮಗೆ ಬಾಯಿಪಾಠವಾಗಿರುವ ಹಾಡೊಂದನ್ನು ಹಾಕಿಸಿ. ಕೋಣೆ ತಿದ್ದುವ ಗುಂಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಕೇಳಿ. ಎರಡು ಪ್ರೊಸೆಸರ್‌ಗಳನ್ನು ಹೋಲಿಸುವುದಾದರೆ ಮೊಬೈಲಿನ ಧ್ವನಿಮಾಪಕದಿಂದಾದರೂ ಎರಡರ ಮಟ್ಟವನ್ನು ಸಮ ಮಾಡಿಸಿಕೊಳ್ಳಿ, ಏಕೆಂದರೆ ಒಂದೇ ಒಂದು ಡೆಸಿಬಲ್ ಜೋರಿದ್ದದ್ದೂ ಕಿವಿಗೆ ಹೆಚ್ಚು ಒಳ್ಳೆಯದೆನಿಸುತ್ತದೆ, ಮಾರುವವರಿಗೆ ಅದು ಚೆನ್ನಾಗಿ ಗೊತ್ತು.