ಸಾಲ ಕೊಟ್ಟವರನ್ನು ಪ್ರಶ್ನಿಸಿದ ಹಳ್ಳಿಗರು

ಸಾಲ ಕೊಟ್ಟವನ ಮುಂದೆ ಸಾಲಗಾರನು ತಲೆಯೆತ್ತಿ ಮಾತನಾಡುವುದು ಲೋಕದ ರೂಢಿಯಲ್ಲ. ರಾಷ್ಟ್ರಗಳ ನಡುವಣ ವ್ಯವಹಾರವೂ ಬಹುಕಾಲ ಹೀಗೆಯೇ ನಡೆಯಿತು. ಸಿರಿವಂತ ದೇಶಗಳ ಹಣದಿಂದ ನಡೆಯುವ ಸಂಸ್ಥೆಗಳು ಸಾಲ ನೀಡುತ್ತಿದ್ದುವು. ಬಡ ದೇಶದ ಸರ್ಕಾರ ಅದನ್ನು ಪಡೆಯುತ್ತಿತ್ತು. ಅಣೆಕಟ್ಟೋ ಹೆದ್ದಾರಿಯೋ ಎದ್ದು ನಿಲ್ಲುತ್ತಿತ್ತು. ಆದರೆ ಯಾರ ಹೊಲದ ಮೇಲೆ ಆ ಅಣೆಕಟ್ಟಿನ ನೀರು ನಿಲ್ಲುವುದೋ ಆ ರೈತನಿಗೆ ಈ ವ್ಯವಹಾರದಲ್ಲಿ ಸ್ಥಾನವೆಲ್ಲಿ? ಒಪ್ಪಂದದ ಪತ್ರದಲ್ಲಿ ಅವನ ರುಜು ಇಲ್ಲ. ಮಾತುಕತೆಯ ಮೇಜಿನ ಬಳಿ ಅವನಿಗೆ ಕುರ್ಚಿಯಿಲ್ಲ. ಅಂಥವನಿಗೂ ಪ್ರಶ್ನೆ ಕೇಳುವ ಅಧಿಕಾರವುಂಟೆಂದು ವಿಶ್ವಬ್ಯಾಂಕು ಒಪ್ಪಿಕೊಂಡದ್ದು 1993ರಲ್ಲಿ. ಅದಕ್ಕೆ ಬಹುಮಟ್ಟಿಗೆ ಕಾರಣರಾದವರು ನರ್ಮದಾ ತೀರದ ಜನರು.

ನರ್ಮದೆಯ ದಡದಲ್ಲಿ

ಗುಜರಾತಿನ ಸರ್ದಾರ್ ಸರೋವರ ಯೋಜನೆಯ ಅಣೆಕಟ್ಟು ಮತ್ತು ಕಾಲುವೆಗಳಿಗಾಗಿ ವಿಶ್ವಬ್ಯಾಂಕು 1985ರಲ್ಲಿ 45 ಕೋಟಿ ಡಾಲರುಗಳ ನೆರವನ್ನು ಒಪ್ಪಿಕೊಂಡಿತು. ಬಾಯಾರಿದ ಕಚ್ಛ್ ಮತ್ತು ಸೌರಾಷ್ಟ್ರಗಳಿಗೆ ನೀರು ಒದಗಿಸುವ ಉದ್ದೇಶ ಸಣ್ಣದೇನಲ್ಲ. ಆದರೆ ಆ ನೀರಿಗಾಗಿ ಮಧ್ಯಪ್ರದೇಶ, ಮಹಾರಾಷ್ಟ್ರ ಮತ್ತು ಗುಜರಾತುಗಳ 245 ಗ್ರಾಮಗಳು ಪೂರ್ಣವಾಗಿಯೋ ಭಾಗಶಃವಾಗಿಯೋ ಮುಳುಗಡೆಗೆ ಒಳಗಾಗಬೇಕಾಗಿತ್ತು. ಇವುಗಳಲ್ಲಿ 193 ಗ್ರಾಮಗಳು ಮಧ್ಯಪ್ರದೇಶದವು.

ನೆಲ ಕಳೆದುಕೊಂಡವರಿಗೆ ನೆಲವನ್ನೇ ಕೊಡಬೇಕೆಂದು ನರ್ಮದಾ ಜಲವಿವಾದ ನ್ಯಾಯಮಂಡಳಿಯು 1979ರಲ್ಲಿ ವಿಧಿಸಿತ್ತು. ನಿಯಮವೇನೋ ಒಳ್ಳೆಯದು. ಆದರೆ ತಲೆತಲಾಂತರದಿಂದ ಕಾಡಿನಂಚಿನ ಭೂಮಿಯನ್ನು ಉತ್ತು ಬಂದ ಎಷ್ಟೋ ಆದಿವಾಸಿ ಕುಟುಂಬಗಳ ಬಳಿ ಹಕ್ಕುಪತ್ರಗಳಿರಲಿಲ್ಲ. ಕಾಗದದಲ್ಲಿ ಇಲ್ಲದವನು ಲೆಕ್ಕದಲ್ಲಿಯೂ ಇಲ್ಲ! ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯ ಅರ್ಥ ಅವರಿಗೆ ತಮ್ಮ ಅಂಗಳದಲ್ಲಿಯೇ ತಿಳಿಯಿತು.

ಮೇಧಾ ಪಾಟ್ಕರ್ ಮೊದಲಾದವರ ಮುಂದಾಳುತನದಲ್ಲಿ ನರ್ಮದಾ ಬಚಾವೋ ಆಂದೋಲನ ಬೆಳೆಯಿತು. ಅದರ ದನಿ ಕಡಲಾಚೆಗೂ ಮುಟ್ಟಿತು. 1990ರಲ್ಲಿ ಜಪಾನು ಈ ಯೋಜನೆಗೆ ತನ್ನ ನೆರವನ್ನು ನಿಲ್ಲಿಸಿತು. ಮರುವರ್ಷ ವಿಶ್ವಬ್ಯಾಂಕು ತನ್ನದೇ ಸಾಲದ ಮೇಲೆ ಸ್ವತಂತ್ರ ವಿಚಾರಣೆ ನಡೆಸಲು ಒಂದು ಆಯೋಗವನ್ನು ನೇಮಿಸಿತು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದ ಬ್ರ್ಯಾಡ್‌ಫರ್ಡ್ ಮೋರ್ಸ್ ಅದರ ಅಧ್ಯಕ್ಷರು. ಕೆನಡಾದ ನ್ಯಾಯವೇತ್ತ ಥಾಮಸ್ ಬರ್ಗರ್ ಉಪಾಧ್ಯಕ್ಷರು. 1992ರ ಜೂನ್ ತಿಂಗಳಲ್ಲಿ ಹೊರಬಂದ ಅವರ ವರದಿಯು ಯಾರಿಗೂ ಮುಲಾಜು ತೋರಲಿಲ್ಲ. ಸ್ಥಳಾಂತರ ಮತ್ತು ಪರಿಸರದ ವಿಷಯದಲ್ಲಿ ಬ್ಯಾಂಕು ತನ್ನ ನಿಯಮಗಳನ್ನೇ ಪಾಲಿಸಿಲ್ಲವೆಂದೂ, ಯೋಜನೆಯಿಂದ ಹಿಂದೆ ಸರಿದು ಎಲ್ಲವನ್ನೂ ಹೊಸದಾಗಿ ಪರಿಶೀಲಿಸಬೇಕೆಂದೂ ಅದು ಸಾರಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಬ್ಯಾಂಕಿನ ಆಡಳಿತ ಮಂಡಳಿಯು ಷರತ್ತುಗಳೊಡನೆ ಸಾಲವನ್ನು ಮುಂದುವರಿಸಲು ತೀರ್ಮಾನಿಸಿತು. 1993ರ ಮಾರ್ಚಿನಲ್ಲಿ, ಆ ಷರತ್ತುಗಳ ಗಡುವು ಮುಗಿಯುವ ಹೊತ್ತಿಗೆ, ಉಳಿದ ಹಣ ತನಗೆ ಬೇಡವೆಂದು ಭಾರತ ಸರ್ಕಾರವೇ ತಿಳಿಸಿತು.

ದೂರು ಕೇಳುವ ಕಿವಿ

ಈ ಪ್ರಕರಣದಿಂದ ಬ್ಯಾಂಕು ಪಾಠ ಕಲಿಯಿತು. 1993ರ ಸೆಪ್ಟೆಂಬರಿನಲ್ಲಿ ಮೂವರು ಸದಸ್ಯರ ಪರಿಶೀಲನಾ ಮಂಡಳಿಯೊಂದನ್ನು ಅದು ಸ್ಥಾಪಿಸಿತು. ಬ್ಯಾಂಕಿನ ಹಣದಿಂದ ನಡೆಯುವ ಕೆಲಸದಲ್ಲಿ ನಿಯಮಗಳು ತಪ್ಪಿ ತಮಗೆ ಹಾನಿಯಾಗುತ್ತಿದೆಯೆಂದು ತೋರಿದರೆ, ಆ ಸ್ಥಳದ ಇಬ್ಬರು ಒಟ್ಟುಗೂಡಿ ದೂರು ಕೊಟ್ಟರೂ ಸಾಕು. ಬ್ಯಾಂಕಿನ ಅಧಿಕಾರಿಗಳ ಹಂಗಿಗೆ ಒಳಗಾಗದಂತೆ, ಮಂಡಳಿಯ ಸದಸ್ಯರು ಮುಂದೆಂದೂ ಆ ಬ್ಯಾಂಕಿನಲ್ಲಿ ನೌಕರಿ ಹಿಡಿಯಬಾರದೆಂಬ ಕಟ್ಟುಪಾಡೂ ಉಂಟು.

ಮೊದಲ ದೂರು ಬಂದದ್ದು ನೆರೆಯ ನೇಪಾಳದಿಂದ. ಅಲ್ಲಿನ ಪೂರ್ವದ ಬೆಟ್ಟಗಳ ನಡುವೆ ಹರಿಯುವ ಅರುಣ್ ನದಿಯ ಮೇಲೆ ಭಾರಿ ವಿದ್ಯುತ್ ಯೋಜನೆಯೊಂದು ಸಿದ್ಧವಾಗುತ್ತಿತ್ತು. ನೇಪಾಳದಲ್ಲಿ ಬಹುಪಕ್ಷ ಪ್ರಜಾಪ್ರಭುತ್ವವು ಮರಳಿ ಬಂದದ್ದು 1990ರಲ್ಲಿ. ಸಾರ್ವಜನಿಕ ವಿಷಯಗಳ ಮಾಹಿತಿ ಪಡೆಯುವ ಹಕ್ಕನ್ನು ಆ ವರ್ಷದ ಸಂವಿಧಾನವೇ ಪ್ರಜೆಗಳಿಗೆ ಕೊಟ್ಟಿತ್ತು. ಆ ಹಕ್ಕನ್ನು ಹಿಡಿದು ಕೆಲವರು ಯೋಜನೆಯ ಕಾಗದಪತ್ರಗಳಿಗಾಗಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1994ರ ಅಕ್ಟೋಬರಿನಲ್ಲಿ ದೂರು ಪರಿಶೀಲನಾ ಮಂಡಳಿಗೂ ಮುಟ್ಟಿತು. ಮಂಡಳಿಯು ಪರಿಶೀಲಿಸಿತು. 1995ರ ಆಗಸ್ಟಿನಲ್ಲಿ, ಬ್ಯಾಂಕಿನ ಅಧ್ಯಕ್ಷರಾಗಿ ಆಗತಾನೆ ಬಂದಿದ್ದ ಜೇಮ್ಸ್ ವುಲ್ಫೆನ್‌ಸನ್ ಆ ಯೋಜನೆಗೆ ಸಾಲವಿಲ್ಲವೆಂದು ಪ್ರಕಟಿಸಿದರು.

ಕನ್ನಡ ನಾಡಿಗೂ ಇದು ದೂರದ ಕಥೆಯಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಸಂತ್ರಸ್ತರ ಪುನರ್ವಸತಿಯು ಹಿಂದೆ ಬಿದ್ದುದರಿಂದ, ವಿಶ್ವಬ್ಯಾಂಕು 1992ರಲ್ಲೊಮ್ಮೆ, 1995ರಲ್ಲೊಮ್ಮೆ ಹಣ ಬಿಡುಗಡೆಯನ್ನು ತಡೆಹಿಡಿದಿತ್ತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬೀದಿಗಳನ್ನು ಒಪ್ಪಿಸಿದ ಮನೆತನಗಳಿಗೆ ಪುನರ್ವಸತಿಯೆಂಬ ಮಾತಿನ ಭಾರ ಗೊತ್ತು.

ಸಾಲಿಗನು ಹೋದ ಮೇಲೆ

ಹಾಗೆಂದು ಹೊರಗಿನವರ ಷರತ್ತುಗಳೇ ಎಲ್ಲವನ್ನೂ ಸರಿಪಡಿಸುವುವೆಂದು ತಿಳಿಯಲಾಗದು. ವಿಶ್ವಬ್ಯಾಂಕು ದೂರ ಸರಿದ ಮೇಲೆಯೂ ಸರ್ದಾರ್ ಸರೋವರದ ಕೆಲಸ ಸಾಗಿತು. 2000ದ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಬಹುಮತದ ತೀರ್ಪಿನಿಂದ ಅದಕ್ಕೆ ಅನುಮತಿ ನೀಡಿತು, 138.68 ಮೀಟರು ಎತ್ತರದ ಅಣೆಕಟ್ಟು 2017ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಸಾಲಿಗನು ಎದ್ದು ಹೋದೊಡನೆ ಹಳ್ಳಿಗನಿಗೆ ಹೊರಗಿನ ಆ ಬಾಗಿಲು ಮುಚ್ಚಿತು. ಉಳಿದದ್ದು ತನ್ನ ದೇಶದ ನ್ಯಾಯಾಲಯ, ತನ್ನ ಶಾಸನಸಭೆ, ತನ್ನ ಪತ್ರಿಕೆಗಳು. ಹೊರಗಿನ ನೆರವು ನ್ಯಾಯವಾಗಿರಬೇಕಾದರೆ ಮನೆಯೊಳಗಿನ ಪ್ರಜಾಪ್ರಭುತ್ವವೂ ಗಟ್ಟಿಯಾಗಿರಬೇಕು.

ಅಭಿವೃದ್ಧಿಯು ಮನುಷ್ಯನ ಹಕ್ಕೆಂದು ವಿಶ್ವಸಂಸ್ಥೆಯು 1986ರಲ್ಲಿ ಘೋಷಿಸಿತು. ನೀಡುವವರೂ ಪಡೆಯುವವರೂ ಪರಸ್ಪರ ಹೊಣೆಗಾರರೆಂದು 2005ರಲ್ಲಿ ಪ್ಯಾರಿಸ್ ನಗರದ ಸಮ್ಮೇಳನದಲ್ಲಿ ರಾಷ್ಟ್ರಗಳು ಒಪ್ಪಿದುವು. ಘೋಷಣೆಗಳಿಗೆ ಕೊರತೆಯಿಲ್ಲ; ಅವುಗಳನ್ನು ಒರೆಗೆ ಹಚ್ಚುವ ಸ್ಥಳ ನದಿಯ ದಡ.

ಅದೇ ಅರುಣ್ ನದಿಯ ಮೇಲೆ 900 ಮೆಗಾವಾಟಿನ ಹೊಸ ಯೋಜನೆಗೆ 2018ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾಯಿತು. ಕಟ್ಟುವ ಹೊಣೆ ಭಾರತದ ಸಾರ್ವಜನಿಕ ಸಂಸ್ಥೆಯದು. ಉತ್ಪತ್ತಿಯಲ್ಲಿ ಶೇಕಡಾ 21.9 ಭಾಗ ನೇಪಾಳಕ್ಕೆ ಉಚಿತವಾಗಿ ಸಲ್ಲಬೇಕೆಂಬುದು ಕರಾರು. ಒಂದು ಕಾಲದಲ್ಲಿ ಸಾಲಗಾರನ ಕುರ್ಚಿಯಲ್ಲಿ ಕುಳಿತಿದ್ದ ದೇಶ ಇಲ್ಲಿ ಬಂಡವಾಳ ಹೂಡುವವನ ಕುರ್ಚಿಯಲ್ಲಿದೆ. ನರ್ಮದಾ ತೀರದ ರೈತನು ಕೇಳಿದ ಪ್ರಶ್ನೆಗಳನ್ನೇ ಅರುಣ್ ಕಣಿವೆಯ ರೈತನು ಕೇಳಿದರೆ, ಉತ್ತರಿಸುವ ಸರದಿ ಈಗ ಭಾರತದ್ದು.