ಬೆಟ್ಟದ ಮೇಲಿನ ಸಂಗೀತ ಉತ್ಸವ: ಮಲಗುವುದೆಲ್ಲಿ, ಓಡಾಡುವುದು ಹೇಗೆ?

ಸದಸ್ಯ ಬಾಂಧವರಲ್ಲಿ ಹೆಚ್ಚಿನವರಿಗೆ ಸಂಗೀತ ಉತ್ಸವ ಎಂದರೆ ಸಭಾಗೃಹ, ಕುರ್ಚಿ, ನಡುವೆ ಒಂದು ಕಾಫಿ, ಕೊನೆಗೆ ಲೋಕಲ್ ಹಿಡಿದು ಮನೆ. ನಮ್ಮ ಮಕ್ಕಳ ಲೆಕ್ಕ ಬೇರೆ. ಅವರು ಕೇಳುವ ಸಂಗೀತ ಬಯಲಿನಲ್ಲಿ, ಮೂರು ನಾಲ್ಕು ದಿನ ನಡೆಯುವಂಥದ್ದು. ಕೆಲವೊಮ್ಮೆ ಅದು ಬೆಟ್ಟದ ಮೇಲೆ, ಮಲಗುವುದು ಡೇರೆಯಲ್ಲಿ. ಮಗನೋ ಮಗಳೋ ಗಲ್ಲಾದ ಎದುರು ನಿಂತು "ನಾಲ್ಕು ದಿನ ಅರುಣಾಚಲಕ್ಕೆ ಹೋಗಿ ಬರುತ್ತೇನೆ" ಎಂದಾಗ ಹೌದು ಅಥವಾ ಬೇಡ ಎನ್ನುವ ಮೊದಲು ಏನನ್ನು ವಿಚಾರಿಸಬೇಕು ಎಂಬುದು ನಮಗೆ ತಿಳಿದಿದ್ದರೆ ಒಳ್ಳೆಯದು. ಇಂತಹ ಕ್ಯಾಂಪುಗಳಿಗೆ ಊಟ ಒದಗಿಸುವ ಆರ್ಡರ್ ನಾಳೆ ನಮ್ಮಲ್ಲೇ ಯಾರಿಗಾದರೂ ಬಂದರೆ ಆಶ್ಚರ್ಯವಿಲ್ಲ. ಆಗಲೂ ಈ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ.

2025ರ ಜನವರಿ 18, 19 ಮತ್ತು 21ರಂದು ನೆರೂಲಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮ ನಡೆದದ್ದು ನಮಗೆಲ್ಲ ನೆನಪಿದೆ. ಸಾನಪಾಡಾದಿಂದ ಎರಡನೇ ಸ್ಟೇಷನ್. ಹಾರ್ಬರ್ ಲೈನ್ ಇದೆ, ಹೆದ್ದಾರಿ ಇದೆ, ನೂರಾರು ಲಾಡ್ಜುಗಳಿವೆ. ಆದರೂ ಆ ದಿನಗಳಲ್ಲಿ ಕೋಣೆಗಳ ಬಾಡಿಗೆ ಎಲ್ಲಿಗೆ ಹೋಯಿತು ಎಂಬುದನ್ನು ಲಾಡ್ಜಿಂಗ್ ನಡೆಸುವ ಮಿತ್ರರಿಗೆ ಹೇಳಬೇಕಾಗಿಲ್ಲ. ರೈಲೂ ಲಾಡ್ಜೂ ಇರುವಲ್ಲಿ ಹೀಗಾದರೆ ಇವೆರಡೂ ಇಲ್ಲದ ಬೆಟ್ಟದ ಮೇಲೆ ಏನಾಗಬಹುದು ಎಂದು ಊಹಿಸಿ. ಅದಕ್ಕಾಗಿಯೇ ನನ್ನ ಅಭಿಪ್ರಾಯವೆಂದರೆ ಇಂತಹ ಉತ್ಸವಕ್ಕೆ ಟಿಕೇಟು ಕೊಳ್ಳುವುದು ಕೊನೆಯ ಕೆಲಸ. ಮೊದಲು ಹಾಸಿಗೆ, ಆಮೇಲೆ ಗಾಡಿ, ನಂತರ ಟಿಕೇಟು. ಹುಡುಗರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ.

ಬಯಲು ಉತ್ಸವಗಳು ನಮಗೆ ತೀರಾ ದೂರದ ಸಂಗತಿಯಲ್ಲ. ಕೊಡಗಿನಲ್ಲಿ 2012ರಲ್ಲಿ ಸ್ಟಾರ್ಮ್ ಫೆಸ್ಟಿವಲ್ ಡೇರೆ ಸಮೇತ ನಡೆದಿತ್ತು. ನಮ್ಮ ಮಗ್ಗುಲಲ್ಲೇ, ಲೋಣಾವಳಾದ ಆಚೆ ಆಂಬಿ ವ್ಯಾಲಿಯಲ್ಲಿ 2013ರಿಂದ ಕೆಲವು ವರ್ಷ ಎನ್‌ಚಾಂಟೆಡ್ ವ್ಯಾಲಿ ಕಾರ್ನಿವಲ್ ಎಂಬುದು ಜರುಗಿತು. ಲೋಣಾವಳಾದವರೆಗೆ ಎಕ್ಸ್‌ಪ್ರೆಸ್‌ವೇ, ರೈಲು ಎಲ್ಲವೂ ಸುಸೂತ್ರ. ಕಷ್ಟ ಶುರುವಾಗುವುದು ಅಲ್ಲಿಂದ ಮುಂದಿನ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಘಾಟಿ ದಾರಿಯಲ್ಲಿ. ಬೆಟ್ಟದ ಉತ್ಸವಗಳ ಸ್ವಭಾವವೇ ಇದು: ಸಾವಿರ ಕಿಲೋಮೀಟರಿನ ಪ್ರಯಾಣ ಸುಲಭ, ಕೊನೆಯ ಇಪ್ಪತ್ತು ಕಷ್ಟ, ಕೊನೆಯ ಒಂದು ಕಿಲೋಮೀಟರ್ ಎಲ್ಲಕ್ಕಿಂತ ಕಷ್ಟ.

ಇಂದು ನಮ್ಮ ದೇಶದಲ್ಲಿ ಬೆಟ್ಟದ ಸಂಗೀತ ಉತ್ಸವ ಎಂದರೆ ಮೊದಲು ಬರುವ ಹೆಸರು ಅರುಣಾಚಲ ಪ್ರದೇಶದ ಝಿರೋ. ಬಾಬಿ ಹಾನೋ ಎಂಬ ಸ್ಥಳೀಯರೂ ದೆಹಲಿಯ ಗಿಟಾರ್ ವಾದಕ ಅನೂಪ್ ಕುಟ್ಟಿಯವರೂ ಸೇರಿ 2012ರಲ್ಲಿ ಇದನ್ನು ಆರಂಭಿಸಿದರು. ಕೋವಿಡ್ ಕಾರಣ 2020 ಮತ್ತು 2021ರಲ್ಲಿ ನಿಂತಿದ್ದು 2022ರಲ್ಲಿ ಮತ್ತೆ ಶುರುವಾಯಿತು. ಸೆಪ್ಟೆಂಬರ್ ಕೊನೆಯ ನಾಲ್ಕು ದಿನ ಇದರ ಕಾಲ. ಲೋವರ್ ಸುಬನ್‌ಸಿರಿ ಜಿಲ್ಲೆಯ ಈ ಕಣಿವೆ ಸಮುದ್ರ ಮಟ್ಟದಿಂದ 1,500 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿನ ಆಪತಾನಿ ಜನ ಗದ್ದೆಯ ನೀರಿನಲ್ಲೇ ಮೀನು ಸಾಕುವ ಜಾಣರು. ಅವರ ಈ ಕಣಿವೆಯ ಹೆಸರು 2014ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿದೆ. ವೇದಿಕೆಗಳನ್ನು ಊರವರೇ ಬಿದಿರಿನಿಂದ ಕಟ್ಟುತ್ತಾರೆ. ಹಗಲಿನ ವೇದಿಕೆಗೆ ಸೂರ್ಯನ ಹೆಸರು, ರಾತ್ರಿಯದಕ್ಕೆ ಚಂದ್ರನ ಹೆಸರು.

ಹೋಗುವುದು ಹೇಗೆ? ಮುಂಬಯಿಯಿಂದ ಗುವಾಹಟಿಗೆ ನೇರ ವಿಮಾನವಿದೆ. ರೈಲೇ ಬೇಕೆನ್ನುವವರು ಸಾನಪಾಡಾದಲ್ಲಿ ಹಾರ್ಬರ್ ಲೈನ್ ಹತ್ತಿ ತಿಲಕ್ ನಗರದಲ್ಲಿ ಇಳಿದರೆ ಕುರ್ಲಾ ಟರ್ಮಿನಸ್ ಪಕ್ಕದಲ್ಲೇ ಇದೆ. ಅಲ್ಲಿಂದ ಗುವಾಹಟಿ ಕಡೆಯ ಗಾಡಿಗಳು ಎರಡು ದಿನದ ಲೆಕ್ಕ. ಗುವಾಹಟಿಯಿಂದ ರಾತ್ರಿ ಹೊರಡುವ ಡೋನ್ಯಿ ಪೋಲೋ ಎಕ್ಸ್‌ಪ್ರೆಸ್ ಬೆಳಗ್ಗೆ ನಾಹರ್‌ಲಾಗುನ್ ತಲುಪಿಸುತ್ತದೆ. 2014ರವರೆಗೆ ಆ ಊರಿಗೆ ರೈಲೇ ಇರಲಿಲ್ಲ. ಇಟಾನಗರಕ್ಕೆ ಹತ್ತಿರದ ಹೊಲ್ಲೊಂಗಿಯಲ್ಲಿ 2022ರ ನವೆಂಬರ್ 19ರಂದು ವಿಮಾನ ನಿಲ್ದಾಣವೂ ಉದ್ಘಾಟನೆಯಾಗಿದೆ. ನಾಹರ್‌ಲಾಗುನ್‌ನಿಂದ ಝಿರೋಗೆ ಸುಮಾರು 100 ಕಿಲೋಮೀಟರ್. ಪುಣೆಗೆ ಹೋದಂತೆ ಎರಡು ತಾಸಿನ ಲೆಕ್ಕ ಹಾಕಬೇಡಿ. ಘಾಟಿ ರಸ್ತೆ, ಮಳೆಗಾಲದ ಕೊನೆ, ಮಣ್ಣು ಕುಸಿಯುವ ಜಾಗಗಳು. ನಾಲ್ಕು ತಾಸು ಹಿಡಿದರೆ ಅದು ಒಳ್ಳೆಯ ದಿನ.

ಇಲ್ಲಿ ಎರಡು ಮಾತು ಮುಖ್ಯ. ಒಂದನೆಯದು ಇನ್ನರ್ ಲೈನ್ ಪರ್ಮಿಟ್. ಭಾರತೀಯರೇ ಆದರೂ ಹೊರರಾಜ್ಯದವರು ಅರುಣಾಚಲಕ್ಕೆ ಕಾಲಿಡಲು ಇದು ಬೇಕು. 1873ರ ಬ್ರಿಟಿಷ್ ಕಾಲದ ಕಾನೂನು ಇಂದಿಗೂ ಚಾಲ್ತಿಯಲ್ಲಿದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಆದರೆ ಹೊರಡುವ ಹಿಂದಿನ ದಿನ ಹಾಕಿ ರೈಲಿನಲ್ಲಿ ಕುಳಿತು ಕಾಯುವುದು ಜಾಣತನವಲ್ಲ. ಮುದ್ರಿಸಿದ ಪ್ರತಿ ಎರಡು ಕೈಯಲ್ಲಿರಲಿ. ಎರಡನೆಯದು ಕತ್ತಲೆ. ನಾವು ಮುಂಬಯಿಯವರು ಸಂಜೆ ಆರೂವರೆಗೆ ಸೂರ್ಯಾಸ್ತ ಎಂದುಕೊಂಡಿರುತ್ತೇವೆ. ಗಡಿಯಾರ ಒಂದೇ ಆದರೂ ಅಲ್ಲಿ ಸೆಪ್ಟೆಂಬರ್ ಕೊನೆಗೆ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ಶೇರಿಂಗ್ ಸುಮೋ ಗಾಡಿಗಳು ಬೆಳಗ್ಗೆ ಬೇಗ ಹೊರಡುತ್ತವೆ, ಮಧ್ಯಾಹ್ನದ ಮೇಲೆ ಸಿಗುವುದು ಕಷ್ಟ. ಆದ್ದರಿಂದ ಮಧ್ಯಾಹ್ನ ಇಳಿಯುವ ವಿಮಾನ ಅಗ್ಗವೆಂದು ತೆಗೆದುಕೊಂಡರೆ ಒಂದು ರಾತ್ರಿ ಕೆಳಗಿನ ಊರಲ್ಲೇ ಕಳೆಯಬೇಕಾದೀತು. ಆ ಕೋಣೆಯ ಬಾಡಿಗೆಯಲ್ಲಿ ವಿಮಾನದ ಉಳಿತಾಯ ಹೋಗುತ್ತದೆ. ರಾತ್ರಿಯಲ್ಲಿ ಆ ಘಾಟಿ ಹತ್ತುವ ಸಾಹಸ ಮಾತ್ರ ಬೇಡ.

ಇನ್ನು ಮಲಗುವ ವಿಚಾರ. ಉತ್ಸವದ ಟಿಕೇಟಿನಲ್ಲಿ ವಸತಿ ಸೇರಿಲ್ಲ ಎಂಬುದು ಬಹಳ ಮಂದಿಗೆ ಅಲ್ಲಿ ಹೋದ ಮೇಲೆ ತಿಳಿಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ರೈಸ್ ಪ್ಲೇಟ್ ಅಲ್ಲ, ಅ ಲಾ ಕಾರ್ಟೆ. ಸ್ವಂತ ಡೇರೆ ಹೊತ್ತು ಹೋಗಿ ಜಾಗಕ್ಕಷ್ಟೇ ಬಾಡಿಗೆ ಕೊಡುವವರಿದ್ದಾರೆ. ಕ್ಯಾಂಪ್ ನಡೆಸುವವರು ಮೊದಲೇ ಹಾಕಿಟ್ಟ ಡೇರೆ, ಹಾಸಿಗೆ, ಸ್ಲೀಪಿಂಗ್ ಬ್ಯಾಗ್, ಬೆಳಗ್ಗಿನ ತಿಂಡಿ ಸಮೇತ ಪ್ಯಾಕೇಜು ಕೊಡುತ್ತಾರೆ. ಹೊಂಗ್, ಹರಿ, ಹಿಜಾ ಮುಂತಾದ ಹಳ್ಳಿಗಳಲ್ಲಿ ಆಪತಾನಿ ಮನೆಗಳ ಹೋಮ್‌ಸ್ಟೇ ಇದೆ. ಪೇಟೆಯಾದ ಹಾಪೋಲಿಯಲ್ಲಿ ಲಾಡ್ಜುಗಳಿವೆ, ಆದರೆ ಕಡಿಮೆ, ಅವು ತಿಂಗಳುಗಳ ಮೊದಲೇ ಭರ್ತಿ.

ಇವುಗಳಲ್ಲಿ ಯಾವುದು ಮೇಲು? ಮೊದಲ ಬಾರಿ ಹೋಗುವವರಿಗೆ ನಾನು ಹೋಮ್‌ಸ್ಟೇ ಅಥವಾ ಹಾಕಿಟ್ಟ ಡೇರೆ ಎನ್ನುತ್ತೇನೆ. ಸ್ವಂತ ಡೇರೆ ಅಗ್ಗ ನಿಜ. ಆದರೆ ಅದು ಮಳೆ ಬೀಳುವ ಕಾಲ, ನೆಲ ಕೆಸರು. ಒದ್ದೆ ಹಾಸಿಗೆಯಲ್ಲಿ ಒಂದು ರಾತ್ರಿ ನಡುಗಿದವನು ಉಳಿದ ಮೂರು ದಿನ ಸಂಗೀತ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಬುಕಿಂಗ್ ಮಾಡುವ ಮೊದಲು ಕ್ಯಾಂಪಿನವರಿಗೆ ಫೋನು ಮಾಡಿ, ಹೋಟೆಲಿನವರ ಹಾಗೆಯೇ ಪ್ರಶ್ನೆ ಕೇಳಿ. ವೇದಿಕೆಗೆ ನಡೆದು ಎಷ್ಟು ನಿಮಿಷ? ಕಿಲೋಮೀಟರ್ ಹೇಳಿದರೆ ಒಪ್ಪಬೇಡಿ, ನಿಮಿಷ ಕೇಳಿ. ಬೆಟ್ಟದಲ್ಲಿ ಎರಡೂ ಒಂದೇ ಅಲ್ಲ. ಎಷ್ಟು ಜನಕ್ಕೆ ಒಂದು ಶೌಚಾಲಯ? ನೀರು ಪೈಪಿನದೋ ಟ್ಯಾಂಕರಿನದೋ? ಡೇರೆಯ ಕೆಳಗೆ ಹಲಗೆ ಇದೆಯೋ, ಬರಿ ನೆಲವೋ? ಮಧ್ಯರಾತ್ರಿ ಕಾರ್ಯಕ್ರಮ ಮುಗಿದ ಮೇಲೆ ಗಾಡಿ ಇದೆಯೇ, ಎಷ್ಟು ಗಂಟೆಯವರೆಗೆ? ಈ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸುವವನ ಕ್ಯಾಂಪು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಶೌಚಾಲಯದ ಪ್ರಶ್ನೆಗೆ ನಗುವವನನ್ನು ಬಿಟ್ಟುಬಿಡಿ.

ಸ್ಥಳದಲ್ಲಿ ಓಡಾಟವೆಂದರೆ ಹೆಚ್ಚಿನಂಶ ಕಾಲ್ನಡಿಗೆ. ಹಾಪೋಲಿಯಲ್ಲೋ ದೂರದ ಹಳ್ಳಿಯಲ್ಲೋ ಉಳಿದವರು ಬಾಡಿಗೆ ಗಾಡಿಯನ್ನು ನಂಬಬೇಕು. ಹೋಗುವಾಗ ಒಬ್ಬೊಬ್ಬರಾಗಿ ಹೋಗುವವರು ಬರುವಾಗ ಎಲ್ಲರೂ ಒಂದೇ ಗಂಟೆಗೆ ಬರುತ್ತಾರೆ. ಹಾಗಾಗಿ ವಾಪಸಾತಿಯ ಗಾಡಿಯನ್ನು ಹಗಲಿನಲ್ಲೇ ಮಾತನಾಡಿ ಇಡಬೇಕು. ಟಾರ್ಚು, ಮಳೆಯಂಗಿ, ಗಮ್ ಬೂಟು, ಬೆಚ್ಚಗಿನ ಸ್ವೆಟರ್ ಇವು ಆಡಂಬರವಲ್ಲ. ನಗದು ಹಣ ಇಲ್ಲಿಂದಲೇ ಒಯ್ಯಬೇಕು. ಮೊಬೈಲ್ ಸಿಗ್ನಲ್ ನಂಬಿ ಯುಪಿಐ ಮೇಲೆ ಕುಳಿತರೆ ಚಹಾ ಸಹ ಸಿಗಲಿಕ್ಕಿಲ್ಲ. ಊಟದ ಮಳಿಗೆಗಳಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಂಸ, ಬಿದಿರಿನ ಕಳಲೆ, ಅಕ್ಕಿಯ ಪಾನೀಯ. ಕಳಲೆ ನಮ್ಮ ಕರಾವಳಿಯವರಿಗೂ ಕೊಡಗಿನವರಿಗೂ ಹೊಸತಲ್ಲ, ಆದರೆ ಹುಳಿ ಬರಿಸುವ ಅವರ ರೀತಿ ಬೇರೆ. ಶುದ್ಧ ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ವಾಸಿ.

ಈ ಓಡಾಟದ ಸಮಸ್ಯೆಯನ್ನು ಚೆನ್ನಾಗಿ ಬಿಡಿಸಿದವರು ಅಮೆರಿಕದ ಕೊಲೊರಾಡೊ ರಾಜ್ಯದ ಟೆಲ್ಯುರೈಡ್ ಊರಿನವರು. 1974ರಿಂದ ಅಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಬ್ಲೂಗ್ರಾಸ್ ಸಂಗೀತೋತ್ಸವ ನಡೆಯುತ್ತಿದೆ. ಮೂರು ಕಡೆ ಬೆಟ್ಟ, ಒಳಬರಲು ಒಂದೇ ರಸ್ತೆ. ಎಲ್ಲರೂ ಕಾರು ತಂದರೆ ಊರೇ ನಿಂತುಹೋಗುತ್ತದೆ. ಅದಕ್ಕೆ ಕಾರುಗಳನ್ನು ಹೊರಗೇ ನಿಲ್ಲಿಸಿ ಬಸ್ಸಿನಲ್ಲಿ ಕರೆತರುತ್ತಾರೆ. ಪಕ್ಕದ ಮೌಂಟನ್ ವಿಲೇಜ್‌ನಲ್ಲಿ ಉಳಿದವರಿಗೆ 1996ರಿಂದ ಉಚಿತ ರೋಪ್‌ವೇ ಇದೆ, ಹದಿಮೂರು ನಿಮಿಷದಲ್ಲಿ ಊರಿಗೆ ಇಳಿಸುತ್ತದೆ. ಮೈದಾನದ ಪಕ್ಕದ ಡೇರೆ ಜಾಗಗಳಿಗೆ ಬೇಡಿಕೆ ಎಷ್ಟೆಂದರೆ ಲಾಟರಿ ಎತ್ತಿ ಹಂಚುತ್ತಾರೆ. ಸಿಗದವರು ದೂರದ ಕ್ಯಾಂಪಿನಲ್ಲಿ ಉಳಿದು ಬಸ್ಸು ಹಿಡಿಯುತ್ತಾರೆ. ಅಮೆರಿಕದಲ್ಲಿ ಮಕ್ಕಳಿರುವ ಸದಸ್ಯರು ಜೂನ್‌ನಲ್ಲಿ ಅಲ್ಲಿದ್ದರೆ ಸಂಗೀತಕ್ಕಲ್ಲದಿದ್ದರೂ ಆ ವ್ಯವಸ್ಥೆ ನೋಡಲಾದರೂ ಹೋಗಬಹುದು. ಆ ಊರು 2,600 ಮೀಟರಿಗೂ ಎತ್ತರದಲ್ಲಿದೆ; ಮೊದಲ ದಿನ ನಿಧಾನವಾಗಿ ನಡೆಯಿರಿ, ನೀರು ಹೆಚ್ಚು ಕುಡಿಯಿರಿ.

ಈಗ ನಮ್ಮ ಕಸುಬಿನ ಮಾತು. ಲೋಣಾವಳಾ, ಪವನಾ ಕೆರೆ, ಕರ್ಜತ್ ಕಡೆ ಡೇರೆ ಹಾಕಿ ಗಿಟಾರ್ ನುಡಿಸುವ ಸಣ್ಣ ಕ್ಯಾಂಪುಗಳು ವಾರಾಂತ್ಯಕ್ಕೆ ನಡೆಯುತ್ತವೆ. ಆರ್ಡರ್ ಬಂದರೆ ಊಟದ ದರ ಹೇಳುವ ಮೊದಲು ಜಾಗ ನೋಡಿ ಬನ್ನಿ. ಟೆಂಪೊ ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿಂದ ಪಾತ್ರೆ ಹೊರುವವರು ಯಾರು, ನಮ್ಮ ಹುಡುಗರು ರಾತ್ರಿ ಮಲಗುವುದೆಲ್ಲಿ ಎಂಬುದು ದರದಲ್ಲಿ ಸೇರಬೇಕು. ಗಿರಾಕಿಗಳಿಗೆ ಡೇರೆ ಕೊಟ್ಟು ಅಡುಗೆಯವರನ್ನು ಟೆಂಪೊದಲ್ಲಿ ಮಲಗಿಸುವ ಪದ್ಧತಿ ನಮಗೆ ಶೋಭೆಯಲ್ಲ. ಟೆಂಪೊ ಜನಸಂದಣಿಗಿಂತ ಮೊದಲು, ಅಂದರೆ ಶನಿವಾರ ಬೆಳಗ್ಗೆಯೇ ಘಾಟಿ ದಾಟಿರಬೇಕು. ಮಧ್ಯಾಹ್ನದ ಮೇಲೆ ಆ ರಸ್ತೆಗಳ ಗತಿ ನಿಮಗೆ ಗೊತ್ತು. ತಾತ್ಕಾಲಿಕ ಮಳಿಗೆಗೂ ಆಹಾರ ಸುರಕ್ಷತೆಯ ನೋಂದಣಿ ಅಗತ್ಯ ಎಂಬುದನ್ನು ಮರೆಯಬಾರದು.

ಎತ್ತರ ಹೆಚ್ಚಿದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಲೋಣಾವಳಾದಲ್ಲಿ ಸುಮಾರು 98 ಡಿಗ್ರಿ, ದೊಡ್ಡ ವ್ಯತ್ಯಾಸವಿಲ್ಲ. ಝಿರೋದಂತಹ ಎತ್ತರದಲ್ಲಿ 95, ಟೆಲ್ಯುರೈಡ್‌ನಲ್ಲಿ 91ರ ಆಸುಪಾಸು. ಎಷ್ಟು ಉರಿ ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಗ್ಯಾಸು ಮಾತ್ರ ಖರ್ಚು. ಬೇಳೆ, ಕಾಬೂಲಿ ಕಡಲೆ ಕುಕ್ಕರಿನಲ್ಲೇ ಬೇಯಬೇಕು. ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲವಾದ್ದರಿಂದ ಕೆಳಗೇ ಹುಳಿ ಬರಿಸಿ ಒಯ್ಯಬೇಕು, ಇಲ್ಲವೇ ಉಪ್ಪಿಟ್ಟಿಗೆ ಶರಣಾಗಬೇಕು.

ಮಕ್ಕಳಿಗೂ ನಮ್ಮ ಹುಡುಗರಿಗೂ ಸಮನಾಗಿ ಹೇಳಬೇಕಾದ ಒಂದು ಎಚ್ಚರಿಕೆ ಇದೆ. ಚಳಿಯೆಂದು ಇದ್ದಿಲಿನ ಸಿಗಡಿಯನ್ನು ಡೇರೆಯ ಒಳಗೆ ಇಟ್ಟು ಜಿಪ್ ಎಳೆದು ಮಲಗಬಾರದು. ಉರಿ ಆರಿದಂತೆ ಕಂಡರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲಿದ್ದವನಿಗೆ ಉಸಿರು ಕಟ್ಟುವುದು ತಿಳಿಯುವುದೇ ಇಲ್ಲ. ಸಣ್ಣ ಗ್ಯಾಸ್ ಒಲೆಗೂ ಇದೇ ಮಾತು. ಜನರೇಟರ್ ಡೇರೆಗಳಿಂದ ದೂರ, ಗಾಳಿ ಬೀಸಿ ಹೋಗುವ ಕಡೆಗೆ ಇರಬೇಕು. ತಲೆನೋವು, ವಾಕರಿಕೆ ಎಂದು ಒಂದೇ ಡೇರೆಯ ಇಬ್ಬರು ಹೇಳಿದರೆ ಅದನ್ನು ಕುಡಿತದ ಪರಿಣಾಮ ಎಂದುಕೊಳ್ಳದೆ ತಕ್ಷಣ ಹೊರಗೆ ಕರೆತನ್ನಿ, ವೈದ್ಯರಿಗೆ ತೋರಿಸಿ.

ಕ್ಯಾಲೆಂಡರನ್ನೂ ಒಮ್ಮೆ ನೋಡಿಕೊಳ್ಳಿ. 2024ರಲ್ಲಿ ಝಿರೋ ಉತ್ಸವ ಪಿತೃಪಕ್ಷದಲ್ಲಿ ಬಿದ್ದಿತ್ತು, ಪಾರ್ಟಿ ಆರ್ಡರುಗಳಿಲ್ಲದ ದಿನಗಳು, ಯಾರಿಗೆ ಬೇಕಾದರೂ ರಜೆ ಕೊಡಬಹುದು. 2025ರಲ್ಲಿ ಸೆಪ್ಟೆಂಬರ್ 25ರಿಂದ 28, ನವರಾತ್ರಿಯ ನಡುವೆ. ಸಾಬುದಾನಾ ವಡೆಗೆ ಸಾಲು ನಿಂತಿರುವಾಗ ಮಗ ಬೆಟ್ಟದ ಮೇಲೆ! ದಿನಾಂಕ ಪ್ರಕಟವಾದ ಕೂಡಲೇ ಮನೆಯಲ್ಲಿ ಮಾತನಾಡಿಕೊಂಡರೆ ಇಬ್ಬರಿಗೂ ನೆಮ್ಮದಿ.

ಹಿಂತಿರುಗುವ ಪ್ರಯಾಣಕ್ಕೆ ಕೊನೆಯ ರಾತ್ರಿಯ ಮರುದಿನವೇ ವಿಮಾನ ಇಟ್ಟುಕೊಳ್ಳಬೇಡಿ. ಆ ಬೆಳಗ್ಗೆ ಇಡೀ ಉತ್ಸವ ಒಂದೇ ಘಾಟಿಯಲ್ಲಿ ಇಳಿಯುತ್ತಿರುತ್ತದೆ. ಸುಮೋದ ಸೀಟನ್ನು ತಲುಪಿದ ದಿನವೇ ಕಾಯ್ದಿರಿಸಿ, ವಿಮಾನವನ್ನು ಒಂದು ದಿನ ಬಿಟ್ಟು ತೆಗೆದುಕೊಳ್ಳಿ. ಪರ್ಮಿಟಿನ ಅವಧಿಯಲ್ಲಿ ಆ ಹೆಚ್ಚಿನ ದಿನವೂ ಸೇರಿದೆಯೇ ಎಂದು ನೋಡಿಕೊಳ್ಳಿ.